ಸಂಕಿರಣಕ್ಕೆ ವಾಲಗ ಕರೆಸಿದ್ದು

ನಾನು ಓದು ನಿಲ್ಲಿಸಿದ್ದು ಸಾವಿರದ ಒಂಬೈನೂರ ಎಂಬತ್ತೆಂಟರಲ್ಲಿ, ಒಂಬತ್ತನೆಯ ತರಗತಿಗೆ ಕಾಲಿಟ್ಟ ಹೊಸದರಲ್ಲಿ. ನಿಲ್ಲಿಸಿದೆ ಎನ್ನುತ್ತೇನೆಯೇ ಹೊರತು ನಿಂತುಹೋಯಿತು ಎನ್ನುವುದಿಲ್ಲ, ಏಕೆಂದರೆ ತೀರ್ಮಾನ ನನ್ನದೇ. ಬೀಜಗಣಿತದ ಮೇಷ್ಟ್ರೂ ನಾನೂ ಒಂದೇ ಕೋಣೆಯಲ್ಲಿ ಬಾಳುವುದು ಸಾಧ್ಯವಿಲ್ಲವೆಂದು ನಮ್ಮಿಬ್ಬರಿಗೂ ಗೊತ್ತಾಗಿತ್ತು. ಅವರಿಗೆ ಅಲ್ಲಿ ಸಂಬಳ ಬರುತ್ತಿತ್ತು, ನನಗೆ ಬರುತ್ತಿರಲಿಲ್ಲ. ಹಾಗಾಗಿ ನಾನೇ ಹೊರಗೆ ಬಂದೆ. ಅಮ್ಮತ್ತಿಯಲ್ಲಿ ಶಾಮಿಯಾನ ಬಾಡಿಗೆಗೆ ಕೊಡುವವರೊಬ್ಬರ ಬಳಿ ಗೂಟ ಹೊಡೆಯುವ ಕೆಲಸಕ್ಕೆ ಸೇರಿದೆ. ಆಗ ಹಿಡಿದ ಸುತ್ತಿಗೆಯನ್ನು ಇನ್ನೂ ಕೆಳಗಿಟ್ಟಿಲ್ಲ. ಈಗ ಗೋಣಿಕೊಪ್ಪಲಿನಲ್ಲಿ ನನ್ನದೇ ಅಂಗಡಿ, ನನ್ನದೇ ಬೋರ್ಡು. ನಾನು ಕಟ್ಟಿದ ಶಾಮಿಯಾನ ಯಾವ ಗಾಳಿಗೂ ಎದ್ದುಹೋದದ್ದಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ, ಹೇಳಲು ಬೇರೆಯವರಿಗೆ ಪುರುಸೊತ್ತಿಲ್ಲ.

ನಮ್ಮ ಕಸುಬಿನಲ್ಲಿ ಲೋಕದ ಕಾರ್ಯಕ್ರಮಗಳೆಲ್ಲ ಎರಡೇ ಬಗೆ. ಒಂದು ಶುಭ, ಇನ್ನೊಂದು ಅಶುಭ. ಶುಭವಾದರೆ ಬಣ್ಣದ ಬಟ್ಟೆ, ಕುರ್ಚಿಗೆ ಕವರು, ಕುರ್ಚಿಗಳ ಮುಖವೆಲ್ಲ ವೇದಿಕೆಯ ಕಡೆಗೆ. ಅಶುಭವಾದರೆ ಬಿಳಿ ಬಟ್ಟೆ, ಬರೀ ಕುರ್ಚಿ, ಅಂಗಳದ ಸುತ್ತ ಸಾಲು. ಫೋನು ಬಂದ ಕೂಡಲೇ ನಾನು ಕೇಳುವುದು ಅದೊಂದನ್ನೇ. ಮದುವೆ, ನಾಮಕರಣ, ಮನೆ ಒಕ್ಕಲು ಇವುಗಳಲ್ಲಿ ಗೊಂದಲವಿಲ್ಲ. ಮನೆತನ ಮನೆತನಗಳ ನಡುವೆ ನಡೆಯುವ ನಮ್ಮ ಹಾಕಿ ಪಂದ್ಯಾವಳಿ ಫೈನಲ್ಲಿನವರೆಗೆ ಶುಭ. ಆಮೇಲೆ ಕೇಳುತ್ತಿರುವವರು ಗೆದ್ದ ಮನೆಯವರೋ ಸೋತ ಮನೆಯವರೋ ಎನ್ನುವುದರ ಮೇಲೆ ಹೋಗುತ್ತದೆ. ಇಷ್ಟು ವರ್ಷ ಈ ಲೆಕ್ಕದಲ್ಲಿ ನನ್ನ ಬದುಕು ಸುಗಮವಾಗಿಯೇ ನಡೆದಿತ್ತು. ಕೆಡಿಸಿದ್ದು ಕಾಲೇಜು.

ಈ ವರ್ಷ ಕಾಫಿ ಪಿಕಿಂಗ್ ನಡೆಯುತ್ತಿದ್ದ ಸಮಯದಲ್ಲಿ ಒಂದು ಬೆಳಿಗ್ಗೆ ಕಾಲೇಜಿನ ಕನ್ನಡ ವಿಭಾಗದ ಮೇಡಂ ಅಂಗಡಿಗೆ ಬಂದರು. ನನ್ನ ಮಗಳು ಲಿಖಿತಾ ಅವರ ಕೈಕೆಳಗೇ ಕೊನೆಯ ವರ್ಷದ ಬಿ.ಎ. ಓದುತ್ತಿದ್ದಾಳೆ. ಮೇಡಂ ಕುರ್ಚಿಯಲ್ಲಿ ಕೂರದೆಯೇ ಶುರು ಮಾಡಿದರು.

“ಮುಂದಿನ ವಾರ ನಮ್ಮಲ್ಲಿ ಮೂರು ಕಾರ್ಯಕ್ರಮ ಉಂಟು. ಗುರುವಾರ ರಾಷ್ಟ್ರಮಟ್ಟದ ವಿಚಾರ ಸಂಕಿರಣ, ಶುಕ್ರವಾರ ವಸ್ತು ಪ್ರದರ್ಶನ, ಶನಿವಾರ ಅಂತರ ಕಾಲೇಜು ಕಲೋತ್ಸವ. ಮೂರಕ್ಕೂ ಹಾಲಿನ ಎದುರು ನಿಮ್ಮದೇ ಶಾಮಿಯಾನ.”

“ವಿಚಾರ ಸಂಕಿರಣ ಅಂದರೆ ಅದು ಶುಭವೋ ಅಶುಭವೋ ಮೇಡಂ?”

“ದೀಪ ಹಚ್ತೇವೆ” ಎಂದರು.

“ದೀಪ ಎರಡಕ್ಕೂ ಹಚ್ಚುತ್ತಾರೆ.”

“ಹೂವಿನ ಹಾರ ಉಂಟು.”

“ಅದೂ ಎರಡಕ್ಕೂ ಇದೆ.”

“ಮಧ್ಯಾಹ್ನ ಪಾಯಸದ ಊಟ.”

“ತಿಥಿಗೂ ಪಾಯಸ ಮಾಡುತ್ತಾರೆ ಮೇಡಂ. ನೀವು ಒಳಗೆ ಏನು ನಡೆಯುತ್ತದೆ ಅದನ್ನು ಹೇಳಿ.”

“ಒಬ್ಬೊಬ್ಬರೇ ಎದ್ದು ಮಾತಾಡ್ತಾರೆ. ಉಳಿದವರು ತಲೆ ತಗ್ಗಿಸಿ ಕೂತಿರ್ತಾರೆ. ಯಾರೂ ನಗುವ ಹಾಗಿಲ್ಲ” ಎಂದರು. ಅಲ್ಲಿಗೆ ನನ್ನ ಅನುಮಾನ ಇನ್ನೂ ಗಟ್ಟಿಯಾಯಿತು. ಕೊನೆಗೆ ಅವರೇ, “ಬಣ್ಣದ್ದೇ ಹಾಕಿ ಮಾರಾಯ್ರೆ” ಎಂದು ತೀರ್ಪು ಕೊಟ್ಟರು. ಆದರೂ ನನಗೆ ಪೂರ್ತಿ ನಂಬಿಕೆ ಬರಲಿಲ್ಲ. ಬೆಳಿಗ್ಗೆ ಉದ್ಘಾಟನೆಯಂತೆ, ಅದೇ ದಿನ ಸಂಜೆ ಸಮಾರೋಪವಂತೆ. ಶುರು ಮಾಡಿದ ದಿನವೇ ಮುಗಿಸುವುದಾದರೆ ಶುರು ಮಾಡುವುದೇಕೆ ಎಂದು ಕೇಳಬೇಕೆನ್ನಿಸಿತು. ಹೊರಡುವಾಗ ಮೇಡಂ, “ಅತಿಥಿಗಳು ಮೈಸೂರಿಂದ ಬರ್ತಾರೆ. ಸ್ವಾಗತಕ್ಕೆ ಏನಾದ್ರೂ ನಮ್ಮ ಕೊಡಗಿನದ್ದು ಇದ್ರೆ ಚೆಂದ, ಸ್ವಲ್ಪ ನೋಡಿ” ಎಂದರು. ನಾಲ್ಕು ಹುಡುಗಿಯರು ಕೊಡಗಿನ ಸೀರೆಯುಟ್ಟು ತಟ್ಟೆಯಲ್ಲಿ ಅಕ್ಕಿ ದೀಪ ಹಿಡಿದು ನಿಲ್ಲುವುದಕ್ಕೆ ಬೇಕಾದ ತಟ್ಟೆ, ದೀಪಗಳನ್ನು ನನ್ನ ಅಂಗಡಿಯಿಂದ ಒದಗಿಸಿ ಎನ್ನುವುದು ಅವರ ಅರ್ಥವಾಗಿತ್ತೆಂದು ನನಗೆ ತಿಳಿದದ್ದು ತಡವಾಗಿ.

ಮನೆಯಲ್ಲಿ ನಾವಾಡುವ ಮಾತು ಅರೆಭಾಷೆ. ಆ ದಿನ ಊಟಕ್ಕೆ ಕೂತಾಗ ಲಿಖಿತಾ ನನ್ನ ತಟ್ಟೆಗೆ ಸಾರು ಬಡಿಸಿ, “ಅಪ್ಪಾ, ಗುರುವಾರ ಹನ್ನೊಂದು ಗಂಟೆಗೆ ನಂದು ಪೇಪರ್ ಉಟ್ಟು. ಹತ್ತೇ ನಿಮಿಷ. ನೀವು ಬಂದು ಕುರ್ಚಿಲಿ ಕೂತು ಕೇಳೊಕು. ಹಿಂದೆ ನಿಂತ್ಕಂಡ್ ಜನ ಎಣಿಸುದು ಬೇಡ” ಎಂದಳು.

“ಎಂಥದ್ರ ಬಗ್ಗೆ ಮಗ?”

“ಅಲ್ಲೇ ಕೇಳಿ. ಈಗ ಹೇಳುಲೆ.”

ಅವಳು ಸಾಮಾನ್ಯವಾಗಿ ನನ್ನಲ್ಲಿ ಏನನ್ನೂ ಕೇಳುವವಳಲ್ಲ. ನಾಲ್ಕು ತಿಂಗಳಿಂದ ಸಂತೆಯ ದಿನ ಬಾಳೆಲೆ, ಅಮ್ಮತ್ತಿ ಎಂದು ಊರೂರು ತಿರುಗಿ, ಜನರ ಮಾತನ್ನು ಫೋನಿನಲ್ಲಿ ತುಂಬಿಸಿಕೊಂಡು, ಏನೋ ಬರೆದು ಹರಿದು ಮತ್ತೆ ಬರೆಯುತ್ತಿದ್ದುದನ್ನು ನೋಡಿದ್ದೆ. ನನ್ನ ಅಂಗಡಿಗೂ ಬಂದು ಮೂಲೆಯಲ್ಲಿ ಕೂರುತ್ತಿದ್ದಳು. ನಮ್ಮ ಕಡೆಯವರಲ್ಲಿ ಮೈಕಿನ ಮುಂದೆ ನಿಂತು ಪೇಪರ್ ಓದುವವಳು ಇವಳೇ ಮೊದಲು. ಅಂಥ ದಿನವನ್ನು ಬರೀ ಬಣ್ಣದ ಬಟ್ಟೆಯಲ್ಲಿ ಮುಗಿಸಿಬಿಟ್ಟರೆ ನನ್ನ ಮರ್ಯಾದೆ ಏನಾಗಬೇಕು? ಮೇಡಂ ಬಾಯಿಯಿಂದ ಕೊಡಗಿನದ್ದು ಎಂಬ ಮಾತೂ ಬಂದಿದೆ. ನಾನು ಯಾರಿಗೂ ಹೇಳದೆ ವಾಲಗದ ರಾಜುವಿಗೆ ಫೋನು ಮಾಡಿದೆ.

ರಾಜು ಮತ್ತು ಅವನ ತಂಡ ಮದುವೆಗೂ ಬಾರಿಸುತ್ತಾರೆ, ಸಾವಿಗೂ ಬಾರಿಸುತ್ತಾರೆ. ಪೆಟ್ಟು ಬೇರೆ ಬೇರೆ. “ಅಣ್ಣ, ಯಾವ ಪೆಟ್ಟು?” ಎಂದು ಕೇಳಿದ. ನನಗಿದ್ದ ಗೊಂದಲವೇ ಅವನಿಗೂ ಬಂತಲ್ಲ ಎಂದು ಸಮಾಧಾನವಾಯಿತು. “ಮದುವೆದ್ದೇ ಬಾರಿಸು. ಗೇಟಿಂದ ಹಾಲ್ ಬಾಗಿಲವರೆಗೆ ಸಾಕು. ನಾನು ಕೈ ಎತ್ತಿದರೆ ನಿಲ್ಲಿಸು” ಎಂದು ಪಕ್ಕಾ ಮಾತಾಡಿಕೊಂಡೆ. ನಾನು ಯಾವ ಕೆಲಸವನ್ನೂ ಅಂದಾಜಿನ ಮೇಲೆ ಬಿಡುವವನಲ್ಲ.

ಗುರುವಾರ ಹತ್ತು ಗಂಟೆಗೆ ಅತಿಥಿಗಳ ಕಾರು ಗೇಟಿನ ಬಳಿ ನಿಂತಿತು. ತೆಳ್ಳಗಿನ, ಗಂಭೀರವಾದ ಪ್ರೊಫೆಸರ್ ಒಬ್ಬರು ಇಳಿದರು. ಪ್ರಿನ್ಸಿಪಾಲರು ಹಾರ ಹಾಕಿದರು. ಸೀರೆಯುಟ್ಟ ಹುಡುಗಿಯರು ಯಾರ ಮನೆಯಿಂದಲೋ ತಂದ ತಟ್ಟೆಗಳನ್ನು ಹಿಡಿದು ಮುಂದೆ ಬಂದರು. ಆಗ ಬೇಲಿಯ ಆಚೆಯಿಂದ ರಾಜುವಿನ ಕೊಂಬು ಕೂಗಿತು, ಅದರ ಬೆನ್ನಿಗೇ ಡೋಲು. ಕೊಡಗಿನಲ್ಲಿ ಹುಟ್ಟಿದ ಯಾವ ಜಾತಿಯ, ಯಾವ ಭಾಷೆಯ ಮನುಷ್ಯನಿಗಾದರೂ ವಾಲಗದ ಪೆಟ್ಟು ಕಿವಿಗೆ ಬಿದ್ದರೆ ಕಾಲು ತನ್ನ ಮಾತು ಕೇಳುವುದಿಲ್ಲ. ಮೊದಲು ಹುಡುಗಿಯರು ತಟ್ಟೆಗಳನ್ನು ಕೆಳಗಿಟ್ಟರು. ಆಮೇಲೆ ಆಡಳಿತ ಮಂಡಳಿಯ ನಿವೃತ್ತ ಕರ್ನಲ್ ಸಾಹೇಬರು ಕೋಲನ್ನು ಪ್ರಿನ್ಸಿಪಾಲರ ಕೈಗೆ ಕೊಟ್ಟು ಮುಂದೆ ಬಂದರು. ಮಂಡಿ ನೋವೆಂದು ವೇದಿಕೆಗೆ ಮೆಟ್ಟಿಲು ಕಡಿಮೆ ಮಾಡಿಸಿದ್ದವರು ಅವರೇ. ಎರಡು ನಿಮಿಷದಲ್ಲಿ ಪ್ರಿನ್ಸಿಪಾಲರು ಆ ಕೋಲನ್ನು ಹಿಡಿದುಕೊಂಡೇ ಕುಣಿಯುತ್ತಿದ್ದರು. ಹೊರಗಿನಿಂದ ಪೇಪರ್ ಓದಲು ಬಂದಿದ್ದ ಅಧ್ಯಾಪಕರು ಕೊರಳಲ್ಲಿ ಗುರುತಿನ ಚೀಟಿ ತೂಗಿಸಿಕೊಂಡು ಹಾಲಿನಿಂದ ಹೊರಗೆ ಬಂದರು. ಮೈಸೂರಿನ ಪ್ರೊಫೆಸರ್ ಹತ್ತು ಹೆಜ್ಜೆ ಗಂಭೀರವಾಗಿ ನಡೆದರು. ಹನ್ನೊಂದನೆಯದು ಹೆಜ್ಜೆಯಾಗಿ ಉಳಿಯಲಿಲ್ಲ.

ನಮ್ಮಲ್ಲಿ ಒಂದು ರೀತಿ ಇದೆ. ಕುಣಿಯುವ ಕಾಲು ಒಂದು ಜೊತೆ ಇದ್ದರೂ ವಾಲಗದವರು ನಿಲ್ಲಿಸುವುದಿಲ್ಲ, ನಿಲ್ಲಿಸಿದರೆ ಕುಣಿಯುವವರಿಗೆ ಅವಮಾನ. ವಾಲಗ ನಡೆಯುತ್ತಿರುವಷ್ಟು ಹೊತ್ತು ಕುಣಿಯುವವರು ನಿಲ್ಲಿಸುವುದಿಲ್ಲ, ನಿಲ್ಲಿಸಿದರೆ ವಾಲಗದವರಿಗೆ ಅವಮಾನ. ಹೀಗೆ ಇಬ್ಬರೂ ಒಬ್ಬರ ಮರ್ಯಾದೆಯನ್ನು ಇನ್ನೊಬ್ಬರು ಕಾಯುತ್ತ ಹೊತ್ತು ಮುಳುಗುವವರೆಗೂ ಹೋಗಬಹುದು. ಕರೆಸಿದವನು ಮಾತ್ರ ಕೈ ಎತ್ತಿ ನಿಲ್ಲಿಸಬೇಕು. ಮೇಡಂ ನನ್ನನ್ನು ಹುಡುಕಿಕೊಂಡು ಶಾಮಿಯಾನವನ್ನೆಲ್ಲ ಸುತ್ತಿದರಂತೆ. ನಾನು ಅಲ್ಲಿರಲಿಲ್ಲ. ಕರ್ನಲ್ ಸಾಹೇಬರ ಎದುರಿಗೆ ನಡುವಿನಲ್ಲಿ ಇದ್ದೆ, ಎರಡೂ ಕೈ ಎತ್ತಿಕೊಂಡೇ ಇದ್ದೆ, ಏಕೆಂದರೆ ನಮ್ಮ ಕುಣಿತವೇ ಹಾಗೆ. ಅಲ್ಲಿದ್ದ ಎಲ್ಲರ ಕೈಯೂ ಮೇಲೆಯೇ ಇತ್ತು. ನಿಲ್ಲಿಸೆನ್ನುವ ಕೈ ಯಾವುದು, ಜೋರು ಮಾಡೆನ್ನುವ ಕೈ ಯಾವುದು ಎಂದು ರಾಜು ಹೇಗೆ ತಿಳಿಯಬೇಕು? ಅವನು ಜೋರು ಮಾಡಿದ.

ಯಾವಾಗಲೋ ಒಮ್ಮೆ ತಿರುಗಿದಾಗ ಹಾಲಿನ ಮೆಟ್ಟಿಲ ಮೇಲೆ ಲಿಖಿತಾ ಕಂಡಳು. ಹೊಸ ಚೂಡಿದಾರ, ಕೈಯಲ್ಲಿ ಎದೆಗೊತ್ತಿ ಹಿಡಿದ ಹಾಳೆಗಳು. ಕಾಲು ಮಾತ್ರ ತಾಳ ಹಾಕುತ್ತಿರಲಿಲ್ಲ. ನಾನು ನಿಂತೆ, ಹೋಗಿ ಡೋಲಿನ ಮೇಲೆ ಕೈಯಿಟ್ಟು ವಾಲಗ ನಿಲ್ಲಿಸಿದೆ. ಹಾಲಿನ ಗಡಿಯಾರ ಹನ್ನೊಂದೂವರೆ ದಾಟಿತ್ತು.

ಆಮೇಲೆ ದೀಪ ಹಚ್ಚಿದರು. ಸ್ವಾಗತ ಭಾಷಣ, ಪ್ರಾಸ್ತಾವಿಕ, ಉದ್ಘಾಟನಾ ಭಾಷಣ, ಅಧ್ಯಕ್ಷ ಭಾಷಣ ಎಲ್ಲವೂ ಪೂರ್ತಿ ನಡೆದವು. ಹೊತ್ತು ಕಡಿಮೆಯಾದರೆ ಭಾಷಣಗಳಿಗೆ ಕತ್ತರಿ ಬೀಳುವುದಿಲ್ಲ, ಪೇಪರುಗಳಿಗೆ ಬೀಳುತ್ತದೆ ಎನ್ನುವುದು ನನಗೆ ಗೊತ್ತಿರಲಿಲ್ಲ. ಲಿಖಿತಾ ಹೇಳಿದ ಹಾಗೆ ನಾನು ಮೂರನೆಯ ಸಾಲಿನ ಕುರ್ಚಿಯಲ್ಲಿ ಕೂತಿದ್ದೆ. ಊಟದ ಗಂಟೆಯೂ ಆಯಿತು. ಲಿಖಿತಾಳ ಹೆಸರು ಕರೆದರು. ಅವಳು ಹೋಗಿ ಮೈಕನ್ನು ತನ್ನ ಎತ್ತರಕ್ಕೆ ಸರಿಮಾಡಿಕೊಂಡಳು. ಗೋಷ್ಠಿಯ ಅಧ್ಯಕ್ಷರು ಗಡಿಯಾರ ನೋಡಿ, “ಸಮಯದ ಅಭಾವ. ಶೀರ್ಷಿಕೆಯನ್ನು ಮಾತ್ರ ಓದಿ. ಉಳಿದದ್ದು ಹೇಗೂ ಪುಸ್ತಕದಲ್ಲಿ ಬರುತ್ತದೆ” ಎಂದರು. ಅವಳು ಓದಿದಳು: “ದಕ್ಷಿಣ ಕೊಡಗಿನ ವ್ಯಾಪಾರ ವ್ಯವಹಾರದಲ್ಲಿ ಬಹುಭಾಷಾ ಬಳಕೆ, ಒಂದು ಕ್ಷೇತ್ರಕಾರ್ಯ ಆಧಾರಿತ ಅಧ್ಯಯನ.” ಆಮೇಲೆ ಇಳಿದು ಬಂದಳು. ಅಷ್ಟಕ್ಕೇ ನಾನು ಚಪ್ಪಾಳೆ ತಟ್ಟಿದೆ. ಮುಗಿಯಿತೆಂದು ಬೇರೆ ಯಾರಿಗೂ ಗೊತ್ತಾಗದ್ದರಿಂದ ಹಾಲಿನಲ್ಲಿ ನನ್ನದೊಂದೇ ಚಪ್ಪಾಳೆ. ಸಂಜೆ ಅವಳಿಗೊಂದು ಸರ್ಟಿಫಿಕೇಟು ಕೊಟ್ಟರು, ಪೇಪರ್ ಮಂಡಿಸಿದ್ದಾಳೆಂದು. ನಾನು ಗೂಟ ಹೊಡೆಯದೆ ಶಾಮಿಯಾನ ಕಟ್ಟಿದೆನೆಂದು ಹೇಳಿದರೆ ಯಾರಾದರೂ ಒಪ್ಪುತ್ತಾರೆಯೆ?

ಉಳಿದವರೆಲ್ಲ ನನ್ನ ಕೈಕುಲುಕಿದರು. ಪ್ರೊಫೆಸರ್ ಕಾರು ಹತ್ತುವ ಮೊದಲು, ಇಂಥ ಸಂಕಿರಣವನ್ನು ತಾನು ಎಲ್ಲೂ ಕಂಡಿಲ್ಲ ಎಂದರು. ಪ್ರಿನ್ಸಿಪಾಲರು ಬೆನ್ನು ತಟ್ಟಿದರು. ಇಷ್ಟಾಗಿದೆಯಲ್ಲ ಎಂದು ಶನಿವಾರದ ಕಲೋತ್ಸವಕ್ಕೂ ವಾಲಗ ಹೇಳಲೇ ಎಂದು ಮೇಡಂ ಅವರನ್ನು ಕೇಳಿದೆ. ಅವರು ಗಾಬರಿಯಿಂದ ಎರಡು ಹೆಜ್ಜೆ ಹಿಂದೆ ಸರಿದರು. “ಬೇಡ, ಬೇಡ. ಅದು ಡ್ಯಾನ್ಸ್ ಸ್ಪರ್ಧೆ. ನೋಡುವವರು ಅಲುಗಾಡದೆ ಕೂರ್ಬೇಕು. ಹಾಡು ಪೆನ್‌ಡ್ರೈವಲ್ಲಿ ಉಂಟು.” ಮಾತಾಡುವ ದಿನ ಊರೆಲ್ಲ ಕುಣಿಯಿತು, ಕುಣಿಯುವ ದಿನ ಊರೆಲ್ಲ ಅಲುಗಾಡದೆ ಕೂರಬೇಕಂತೆ. ನಾನು ತಲೆಯಾಡಿಸಿದೆ. ಅರ್ಥವಾಗಿ ಅಲ್ಲ.

ಮರುದಿನದ ಪ್ರದರ್ಶನಕ್ಕೆ ಬೇರೆ ಕಡೆ ಕಟ್ಟಲೆಂದು ಹುಡುಗರು ಶಾಮಿಯಾನದ ಒಂದು ಬದಿ ಬಿಚ್ಚುತ್ತಿದ್ದರು. ಇನ್ನೊಂದು ಬದಿಯಲ್ಲಿ ರಾಜು ಮತ್ತು ತಂಡದವರು ತಡವಾಗಿ ಊಟಕ್ಕೆ ಕೂತಿದ್ದರು. ಲಿಖಿತಾ ಪಿಕಪ್ಪಿನ ಬಾಗಿಲಿಗೆ ಒರಗಿ ನಿಂತಿದ್ದಳು. ಹಾಳೆಗಳು ಇನ್ನೂ ಅವಳ ಕೈಯಲ್ಲೇ ಇದ್ದವು. ನಾನು ಬಿಚ್ಚುವುದನ್ನು ನಿಲ್ಲಿಸಿ ಒಂದು ಕುರ್ಚಿ ಎಳೆದು ಅವಳ ಎದುರಿಗೆ ಕೂತೆ.

“ಈಗ ಓದು ಮಗ.”

“ಯಾರಿಗೆ?”

“ನಾ ಒಳೆ. ರಾಜು ಒಳ.” ಕೇಳಲು ನಾವಿಬ್ಬರಿದ್ದೇವಲ್ಲ ಎಂದೆ.

“ನಂಗೂ ಕೇಳ್ಬೇಕು ಕಣಮ್ಮ” ಎಂದ ರಾಜು ತುತ್ತು ನುಂಗುತ್ತ. “ಬೆಳಿಗ್ಗೆ ನಮ್ದು ನೀನು ಕೇಳಿದ್ದೀಯಲ್ಲ.”

ಅವಳಿಗೆ ನಗು ಬಂತು. ಅದನ್ನು ಅಡಗಿಸಲು ಹಾಳೆ ಮುಖಕ್ಕೆ ಹಿಡಿದು ಓದತೊಡಗಿದಳು. ಪೂರ್ತಿ ಹತ್ತು ನಿಮಿಷ. ಅರ್ಧ ನನ್ನ ತಲೆಯ ಮೇಲಿಂದ ಹೋಯಿತು. ಉಳಿದರ್ಧದಲ್ಲಿ ಮೂರನೆಯ ಮಾಹಿತಿದಾರ ಎಂಬ ಒಬ್ಬ ಮನುಷ್ಯ ಬಂದ. ಅವನ ಸುದ್ದಿ ಸ್ವಾರಸ್ಯವಾಗಿತ್ತು. ತೋಟದ ಧಣಿಗಳು ಬಂದರೆ ಅವನು ಕೊಡವ ಭಾಷೆಯಲ್ಲಿ ಎಲ್ಲದಕ್ಕೂ ಹೌದೆನ್ನುತ್ತಾನೆ. ಕುರ್ಚಿ ತರಿಸುವಾಗ ಮಲಯಾಳದಲ್ಲಿ ಚೌಕಾಸಿ ಮಾಡುತ್ತಾನೆ. ಲೋಡಿನವರನ್ನು ತಮಿಳಿನಲ್ಲಿ ಬೈಯುತ್ತಾನೆ. ಮನೆಯಲ್ಲಿ ಅರೆಭಾಷೆ. ಶಿಷ್ಟ ಕನ್ನಡವನ್ನು ಮಾತ್ರ, ಅವನು ತನಗೆ ಅಂಜಿಕೆ ಇರುವ ಕಡೆ ಬಳಸುತ್ತಾನೆ: ಬ್ಯಾಂಕು, ಪೊಲೀಸ್ ಠಾಣೆ, ಕಾಲೇಜು.

ಓದು ಮುಗಿಯಿತು. “ಪ್ರಶ್ನೆ ಇದ್ರೆ ಕೇಳಿ” ಎಂದಳು.

“ಆ ಮೂರನೇ ಜನ ಯಾರ್ ಮಗ? ಒಳ್ಳೆ ಕಿಲಾಡಿ. ಅಂಥವರೊಟ್ಟಿಗೆ ಜಾಗ್ರತೆಲಿ ಇರೊಕು.”

ರಾಜು ಕೆಮ್ಮತೊಡಗಿದ. ಪಕ್ಕದವನು ಅವನ ನೆತ್ತಿ ತಟ್ಟಿದ.

“ಅದ್ ನೀವೇ ಅಪ್ಪಾ” ಎಂದಳು ಲಿಖಿತಾ. “ಅದ್ಕೇ ಕೂತು ಕೇಳೊಕು ಹೇಳ್ದ್.”

ನನಗೆ ಸಿಟ್ಟು ಬಂತೋ, ಸಂತೋಷವಾಯಿತೋ ಇವತ್ತಿಗೂ ತಿಳಿದಿಲ್ಲ. ಒಂದು ವಿಷಯದಲ್ಲಿ ಮಾತ್ರ ಅವಳನ್ನು ತಿದ್ದಲೇಬೇಕೆಂದು ಎದ್ದು ನಿಂತೆ. “ನಾನು ಯಾರಿಗೂ ಅಂಜುವ ಮನುಷ್ಯನಲ್ಲ” ಎಂದೆ. ಎಂದ ಮೇಲೆ ಗೊತ್ತಾಯಿತು, ಹೆತ್ತ ಮಗಳ ಎದುರು ಅಪ್ಪಟ ಪುಸ್ತಕದ ಕನ್ನಡದಲ್ಲಿ ಹೇಳಿದ್ದೆ. ಲಿಖಿತಾ ಪೆನ್ನು ತೆಗೆದು ಹಾಳೆಯ ಅಂಚಿನಲ್ಲಿ ಏನೋ ಬರೆದುಕೊಂಡಳು.

ಈಗ ನನ್ನಲ್ಲಿರುವುದು ಇಷ್ಟು: ಶಾಮಿಯಾನ ಹನ್ನೆರಡು, ಕುರ್ಚಿ ಆರುನೂರು, ಪಿಕಪ್ ಒಂದು, ಹೆಂಡತಿ ಒಬ್ಬಳು, ಮಗಳು ಒಬ್ಬಳು, ಭಾಷೆ ಐದು.