ಮಾವನ ಕಾಲಿನ ಹೆಬ್ಬೆರಳು

ನನ್ನ ತಂಗಿ ನಿಮ್ಮ ಮನೆಗೆ ಬರುತ್ತಾಳೆಂದು ಗೊತ್ತಾದರೆ ಮೊದಲು ಕಾಲು ಮುಚ್ಚಿಕೊಳ್ಳಿ. ಒಡವೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕುವುದು ಆಮೇಲಾಯಿತು. ಅವಳು ಬಾಗಿ ನಮಸ್ಕಾರ ಮಾಡಿದಳೆಂದು ‘ಎಂಥ ವಿನಯವಂತೆ!’ ಅಂತ ತಲೆಯ ಮೇಲೆ ಕೈಯಿಡಲು ಹೋಗಬೇಡಿ. ಅದು ನಮಸ್ಕಾರವಲ್ಲ, ತಪಾಸಣೆ. ಪಾದ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾಳೆ, ನಿಜ. ಮರುಕ್ಷಣ ಪಾದವನ್ನು ತುಸು ಎತ್ತಿ, ಸ್ಕೂಟರ್ ಕೀಲಿಯಿಂದ ಅಂಗಾಲನ್ನು ಹಿಮ್ಮಡಿಯಿಂದ ಬೆರಳಿನವರೆಗೆ ಸರ್ರನೆ ಗೀರುತ್ತಾಳೆ. ಹೆಬ್ಬೆರಳು ಕೆಳಕ್ಕೆ ಬಾಗಿದರೆ “ಸರಿಯಾಗಿದೆ” ಎಂದು ಏಳುತ್ತಾಳೆ. ಹೊಳೆನರಸೀಪುರದ ನಮ್ಮ ಬಂಧುಬಳಗದಲ್ಲಿ ಆಶೀರ್ವಾದ ಮಾಡುವಾಗ ಕಚಗುಳಿಯಿಂದ ಕಿರುಚುವುದು ಈಗ ಸಂಪ್ರದಾಯವೇ ಆಗಿಬಿಟ್ಟಿದೆ.

ತಂಗಿ ಡಾಕ್ಟರು. ಹಾಸನದಲ್ಲಿ ಎಂಬಿಬಿಎಸ್ ಮುಗಿಸಿ ಅಲ್ಲೇ ಒಂದು ನರ್ಸಿಂಗ್ ಹೋಮಿನಲ್ಲಿ ಡ್ಯೂಟಿ ಡಾಕ್ಟರಾಗಿದ್ದಳು. ಬೇರೆ ಡಾಕ್ಟರಿಗೆ ಮನುಷ್ಯನೆಂದರೆ ಜ್ವರ, ಕೆಮ್ಮು, ಬಿಪಿ, ಶುಗರ್. ಇವಳಿಗೆ ಮನುಷ್ಯನೆಂದರೆ ಬರೀ ನರ. ಅವಳ ವ್ಯಾನಿಟಿ ಬ್ಯಾಗಿನಲ್ಲಿ ಬಾಚಣಿಗೆ ಇರುತ್ತದೋ ಇಲ್ಲವೋ, ಮೊಣಕಾಲಿಗೆ ಬಡಿಯುವ ರಬ್ಬರ್ ಸುತ್ತಿಗೆಯಂತೂ ಇದ್ದೇ ಇರುತ್ತದೆ. ನನ್ನ ಯಜಮಾನರು ಮದುವೆಯಾದ ಹೊಸದರಲ್ಲಿ ಅಳಿಯನ ಗತ್ತಿನಿಂದ ಕಾಲ ಮೇಲೆ ಕಾಲು ಹಾಕಿ ಕೂತು ಈ ಸುತ್ತಿಗೆಯ ಪೆಟ್ಟು ತಿಂದವರು. ಕಾಲು ತಾನಾಗಿ ಜಾಡಿಸಿ, ಎದುರಿಗಿದ್ದ ಕಾಫಿ ಲೋಟ ಹಾರಿ ನಮ್ಮ ತಂದೆಯವರ ಪಂಚೆಯ ಮೇಲೆ ಬಿತ್ತು. ಆವತ್ತಿನಿಂದ ಅವರು ಮಾವನ ಮನೆಯಲ್ಲಿ ಚಕ್ಕಂಬಕ್ಕಲ ಹಾಕಿಯೇ ಕೂರುವುದು.

ಒಮ್ಮೆ ನಾವಿಬ್ಬರೂ ಶಾಂತಿಗ್ರಾಮಕ್ಕೆ ಗೃಹಪ್ರವೇಶಕ್ಕೆ ಹೊರಟು ಹಾಸನದ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆವು.

“ಅಕ್ಕ, ಆ ಯಜಮಾನ್ರನ್ನ ನೋಡು. ನಡೀವಾಗ ಎಡಗೈ ಬೀಸ್ತಾನೇ ಇಲ್ಲ.”

“ಬೀಸ್ದಿದ್ರೆ ನಿಂಗೇನೇ? ಬಸ್ ಬಂತು ಬಾ.”

ಬಸ್ಸು ಬಂದಿತ್ತು, ಇವಳು ಇರಲಿಲ್ಲ. ನಡುಕದ ಕಾಯಿಲೆಯಿರಬಹುದೆಂದು ಆ ಮುದುಕರ ಬೆನ್ನು ಹತ್ತಿ ಹೋಗಿ, ಕೈ ಬಿಗಿಯಾಗಿದೆಯೇ ನೋಡೋಣವೆಂದು ಮೊಣಕೈ ಹಿಡಿದು ಮಡಚಿದ್ದಾಳೆ. “ಕಳ್ಳಿ, ಕಳ್ಳಿ” ಅಂತ ಅವರು ಬಾಯಿ ಮಾಡಿದ್ದು ಪ್ಲಾಟ್‌ಫಾರಂ ಪೂರ್ತಿ ಕೇಳಿಸಿತು. ಆಗಿದ್ದಿಷ್ಟೆ: ಮೊಮ್ಮಗ ಕೊಡಿಸಿದ ಹೊಸ ಮೊಬೈಲು ಬನಿಯನ್ನಿನ ಜೇಬಿನಲ್ಲಿತ್ತು. ಜೇಬುಗಳ್ಳರ ಭಯಕ್ಕೆ ಅವರು ಅದನ್ನು ತೋಳಿನಿಂದ ಅದುಮಿಕೊಂಡು ನಡೆಯುತ್ತಿದ್ದರು. ಜನ ಸುತ್ತುವರಿದರೂ ಇವಳು ಜಪ್ಪಯ್ಯ ಅನ್ನಲಿಲ್ಲ. “ಗಾಬರಿ ಬೇಡ ತಾತ, ನಿಮ್ಮ ಕೈ ಚೆನ್ನಾಗಿದೆ” ಎಂದು ಹೇಳಿ ಬಂದಳು. ಶಾಂತಿಗ್ರಾಮದಲ್ಲಿ ನಮಗೆ ಸಿಕ್ಕಿದ್ದು ತಾಂಬೂಲ ಮಾತ್ರ.

ಇನ್ನು ಹರದನಹಳ್ಳಿ ಕಡೆಯಿಂದ ಒಬ್ಬ ಹುಡುಗ ಅವಳನ್ನು ನೋಡಲು ಬಂದ ಕತೆ. ಕಾಫಿ ಕೊಟ್ಟವಳು ಅವನ ಎದುರಿಗೇ ಕೂತು, “ತಲೆ ತಿರುಗಿಸ್ಬೇಡಿ, ನನ್ನ ಬೆರಳನ್ನೇ ನೋಡಿ” ಎಂದು ಬೆರಳನ್ನು ಅತ್ತಿತ್ತ ಆಡಿಸಿದಳು. ಪಾಪ, ಅವನೂ ಕಣ್ಣು ಆಡಿಸಿದ. “ನಾರ್ಮಲ್ ಆಗಿದ್ದಾರೆ” ಎಂದು ಅವನ ತಾಯಿಗೆ ವರದಿ ಕೊಟ್ಟಳು. ಮರುದಿನವೇ ಬೇಡವೆಂದು ಹೇಳಿ ಕಳಿಸಿದರು. ನಾರ್ಮಲ್ ಅಂದದ್ದಕ್ಕೂ ಕೋಪ ಮಾಡಿಕೊಂಡರೆ ಡಾಕ್ಟರುಗಳು ಬದುಕುವುದು ಹೇಗೆ ಸ್ವಾಮಿ?

ಇಂಥವಳು ಅಮೆರಿಕಕ್ಕೆ ಹೋಗಿ ನರಶಾಸ್ತ್ರವನ್ನೇ ಓದುತ್ತೇನೆಂದು ಹಟ ಹಿಡಿದಳು. “ಇಲ್ಲಿ ಮೊದಲು ಜನರಲ್ ಮೆಡಿಸಿನ್‌ನಲ್ಲಿ ಎಂಡಿ ಓದ್ಬೇಕು, ಆಮೇಲೆ ನ್ಯೂರಾಲಜಿ. ಅಲ್ಲಿಯವರೆಗೆ ನಂಗೆ ತಡ್ಕೊಳಕ್ಕಾಗಲ್ಲ ಅಕ್ಕ,” ಎಂದಳು. ಹೊರದೇಶದಲ್ಲಿ ಡಾಕ್ಟರಿ ಓದಿದವರಿಗೆ ಅಲ್ಲಿ ಸೀಟು ಸಿಗುವುದು ಅಷ್ಟು ಸುಲಭವಲ್ಲ. ಮೊದಲು ಪರೀಕ್ಷೆಗಳು. ಆಮೇಲೆ ಕಂಡಕಂಡ ಆಸ್ಪತ್ರೆಗಳಿಗೆಲ್ಲ ಅರ್ಜಿ. ಇಷ್ಟವಾದವರು ಕಂಪ್ಯೂಟರಿನಲ್ಲೇ ಮಾತಾಡಿಸುತ್ತಾರೆ. ಕೊನೆಗೆ ಯಾವ ಆಸ್ಪತ್ರೆ ಬೇಕೆಂದು ಇವಳು ಹೇಳಬೇಕು, ಯಾವ ಡಾಕ್ಟರು ಬೇಕೆಂದು ಅವರು ಹೇಳಬೇಕು. ಎರಡೂ ಕೂಡಿಬಂದರೆ ಮಾರ್ಚಿನಲ್ಲಿ ಒಂದು ಮೇಲ್ ಬರುತ್ತದೆ.

ನಾನು ಚನ್ನರಾಯಪಟ್ಟಣದಲ್ಲಿ ಹೈಸ್ಕೂಲ್ ಟೀಚರು. ಇದನ್ನು ಅಮ್ಮನಿಗೆ ಪಾಠ ಮಾಡಿ ತಿಳಿಸಲು ಹೋದೆ. ಅಮ್ಮ ಅರ್ಧಕ್ಕೇ ತಡೆದಳು. “ಎಣ್ಣು ನೋಡಕ್ಕೆ ಬರಾದು ಅನ್ನು. ಅವ್ರೂ ಒಪ್ಬೇಕು, ನಾವೂ ಒಪ್ಬೇಕು. ಅದ್ಕೆ ಇಷ್ಟುದ್ದ ಯಾಕೇಳ್ತೀಯ?”

ಹೆಣ್ಣು ನೋಡಲು ಬಂದವರಿಗೆ ಬರೀ ಕೈಯಲ್ಲಿ ಮುಖ ತೋರಿಸುವುದುಂಟೆ? ಪ್ರತಿ ಇಂಟರ್ವ್ಯೂಗೂ ಅಮ್ಮ ತುಪ್ಪ ಸುರಿದು ಕೇಸರಿಬಾತು ಮಾಡಿ, ತಟ್ಟೆಯನ್ನು ಲ್ಯಾಪ್‌ಟಾಪಿನ ಪಕ್ಕದಲ್ಲಿಡತೊಡಗಿದಳು. “ಅವರು ಹೇಗಮ್ಮ ತಿಂತಾರೆ?” ಎಂದು ತಂಗಿ ಹಲ್ಲು ಕಡಿದರೆ, “ತಿನ್ದಿದ್ರೆ ಬುಡ್ಲಿ, ನೋಡ್ಲಿ” ಎನ್ನುತ್ತಿದ್ದಳು.

ಮೊದಲ ವರ್ಷ ಮಾತಾಡಿಸಿದವರೇ ಕಡಿಮೆ, ಒಪ್ಪಿದವರು ಯಾರೂ ಇಲ್ಲ. ಸೀಟಿಲ್ಲ ಎಂಬ ಮೇಲ್ ಬಂದ ಮರುದಿನ ತಂಗಿ ಎಂದಿನಂತೆ ಡ್ಯೂಟಿಗೆ ಹೋದಳು. ಆದರೆ ಎಷ್ಟೋ ದಿನ ಯಾರ ಅಂಗಾಲನ್ನೂ ಗೀರಲಿಲ್ಲ. ಮನೆ ಬಿಕೋ ಎನ್ನುತ್ತಿತ್ತು. ಓದು ಮುಗಿಸಿ ವರ್ಷಗಳು ಕಳೆದಷ್ಟೂ ಅಲ್ಲಿಯವರು ಅರ್ಜಿಯನ್ನು ತಿರುಗಿಯೂ ನೋಡುವುದಿಲ್ಲವಂತೆ. “ಇನ್ನೊಂದೇ ಸಲ ಅಕ್ಕ. ಆಗಲಿಲ್ಲ ಅಂದ್ರೆ ನ್ಯೂರಾಲಜಿ ಆಸೆ ಬಿಟ್ಬಿಡ್ತೀನಿ,” ಎಂದಳು. ಆ ಮಾತು ಕೇಳಿ ನನಗೆ ತುಂಬಾ ಸಂಕಟವಾಯಿತು.

ಆ ಬೇಸಿಗೆಯಲ್ಲೇ ನಮ್ಮ ಸೋದರಮಾವನ ಮಗಳ ಮದುವೆ. ಮಾವ ಅಂದರೆ ಅಮ್ಮನ ತಮ್ಮ. ಅರಕಲಗೂಡಿನಲ್ಲಿ ಗೊಬ್ಬರದ ಅಂಗಡಿ, ಆಲೂಗೆಡ್ಡೆ ಹೊಲ, ಜೊತೆಗೆ ಮೂಗಿನ ತುದಿಯಲ್ಲೇ ಸಿಟ್ಟು. ಬೀಗರು ಮೊಸಳೆ ಎಂಬ ಊರಿನವರು. ಚನ್ನರಾಯಪಟ್ಟಣದ ಛತ್ರದಲ್ಲಿ ಧಾರೆ ಮುಗಿದು, ಮಾವ ಜರಿಪೇಟ ಸುತ್ತಿಕೊಂಡು ಕುರ್ಚಿಯಲ್ಲಿ ಕೂತು ಎಲ್ಲರಿಂದ ನಮಸ್ಕಾರ ಮಾಡಿಸಿಕೊಳ್ಳುತ್ತಿದ್ದರು. ತಂಗಿಯ ಸರದಿ ಬಂತು. ಬಾಗಿದಳು, ಗೀರಿದಳು.

ಬಲಗಾಲಿನ ಹೆಬ್ಬೆರಳು ಮೇಲಕ್ಕೆದ್ದಿತು.

ಮತ್ತೊಮ್ಮೆ ಗೀರಿದಳು. ಮತ್ತೆ ಮೇಲಕ್ಕೆ. ಎಡಗಾಲಿನದು ಕೆಳಕ್ಕೇ ಬಾಗಿತು. ತಂಗಿ ತಲೆಯೆತ್ತಿದಾಗ ಅವಳ ಮುಖದಲ್ಲಿ ತಮಾಷೆ ಇರಲಿಲ್ಲ. ದೊಡ್ಡವರಲ್ಲಿ ಹೆಬ್ಬೆರಳು ಹಾಗೆ ಮೇಲೆದ್ದರೆ ಮಿದುಳಿನಲ್ಲೋ ಬೆನ್ನುಹುರಿಯಲ್ಲೋ ತೊಂದರೆ ಎಂದು ಅವಳ ಬಾಯಿಂದ ಕೇಳಿ ಕೇಳಿ ನಮಗೆಲ್ಲ ಬಾಯಿಪಾಠವಾಗಿತ್ತು.

“ಮಾವ, ಈಚೆಗೆ ತಲೆಗೇನಾದ್ರೂ ಪೆಟ್ಟಾಗಿತ್ತಾ?”

“ಕೊಟ್ಗೆ ಬಾಗ್ಲು ತಗುಲ್ತು, ಯಾವತ್ತೋ. ಅದ್ಯಾಕೀಗ?”

“ಬಲಗಾಲಿನ ಚಪ್ಪಲಿ ಜಾರುತ್ತಾ?”

“ಮದ್ವೆ ಓಡಾಟ ಕಣವ್ವ. ಸುಸ್ತು.”

“ಏಳಿ, ಹಾಸನಕ್ಕೆ ಹೋಗೋಣ.”

“ಉಂಡ್ಕಂಡ್ ಓಗನ ಬುಡು.”

“ಊಟ ಮಾಡಂಗಿಲ್ಲ ಮಾವ. ಆಪರೇಷನ್ ಆಗ್ಬೋದು.”

ಮಾವ ಕೂಗಾಡುತ್ತಿದ್ದಂತೆಯೇ ಪೇಟದ ಸಮೇತ ಕಾರಿಗೆ ಹತ್ತಿಸಿದಳು. ನನ್ನ ಯಜಮಾನರು ಕಾರು ಓಡಿಸಿದರು. ಛತ್ರದಲ್ಲಿ ಸಿಕ್ಕಿಹಾಕಿಕೊಂಡವಳು ನಾನು. ಹೆಣ್ಣಿನ ತಂದೆ ಊಟ ಬಿಟ್ಟು ಎದ್ದುಹೋದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ: ಬೀಗರು ಅವಮಾನ ಮಾಡಿದ್ದಾರೆ. ಮೊಸಳೆಯವರು ತಮ್ಮತಮ್ಮಲ್ಲೇ ಕಚ್ಚಾಟ ಶುರುಮಾಡಿದರು. ಎದುರುಗೊಂಡಾಗ ಹೆಣ್ಣಿನ ತಂದೆಗೆ ಕೈ ಮುಗಿಯದವರು ಯಾರು? ಮೊದಲ ಪಂಕ್ತಿಗೆ ಕರೆಯದವರು ಯಾರು? “ಹೆಬ್ಬೆರಳು ಮೇಲಕ್ಕೆದ್ದಿತು, ಅದಕ್ಕೇ ಆಸ್ಪತ್ರೆಗೆ ಹೋದರು” ಎಂದು ನಾನು ಎಲೆ ಎಲೆಯ ಮುಂದೆ ನಿಂತು ಹೇಳಿದೆ. ಟೀಚರಮ್ಮ ಮಾನ ಮುಚ್ಚಲು ಸುಳ್ಳು ಹೇಳುತ್ತಿದ್ದಾರೆ ಎಂದುಕೊಂಡರು.

ಹಾಸನದಲ್ಲಿ ಸ್ಕ್ಯಾನ್ ಮಾಡಿದಾಗ ತಲೆಬುರುಡೆಯ ಒಳಗೆ ರಕ್ತ ಶೇಖರವಾಗಿ ಮಿದುಳನ್ನು ಒತ್ತುತ್ತಿರುವುದು ಕಂಡಿತು. ಇನ್ನು ಸ್ವಲ್ಪ ದಿನ ಬಿಟ್ಟಿದ್ದರೆ ಕಷ್ಟವಿತ್ತು ಎಂದರು ಅಲ್ಲಿನ ಡಾಕ್ಟರು. ಅಂದೇ ತಲೆ ಬೋಳಿಸಿ, ಬುರುಡೆಗೆ ರಂಧ್ರ ಕೊರೆದು ರಕ್ತ ತೆಗೆದರು. ಮಾರನೆಯ ದಿನ ಬೀಗರು ಹಣ್ಣಿನ ಬುಟ್ಟಿ, ಹೊಸ ಶಾಲು ಹಿಡಿದು ಕ್ಷಮೆ ಕೇಳಲು ಬಂದವರು, ಮಾವನ ಬೋಳುತಲೆ ಕಂಡು ಬಾಗಿಲಲ್ಲೇ ನಿಂತುಬಿಟ್ಟರು.

“ಬೀಗ್ರೆ, ತಲೆ ಬೋಳುಸ್ಕಳಷ್ಟು ತೆಪ್ಪು ನಾವೇನ್ ಮಾಡುದ್ವಿ?”

ಮಾವ ಬದುಕಿದರು. ಹೊಲಕ್ಕೆ ಹೋದರು, ಅಂಗಡಿಯಲ್ಲಿ ಕೂತರು, ಮೊದಲಿನಂತೆಯೇ ಸಿಟ್ಟೂ ಮಾಡತೊಡಗಿದರು. ಆದರೆ ತಂಗಿಯೊಡನೆ ಮಾತು ಬಿಟ್ಟರು. “ಮಗಳ ಮದ್ವೆ ಊಟ ತೆಪ್ಪುಸುದ್ಲು. ಬೀಗ್ರ ಮುಂದೆ ಬೋಳ್ತಲೆ ಮಾಡುಸುದ್ಲು” ಎಂದು ಊರೆಲ್ಲ ಹೇಳಿಕೊಂಡು ತಿರುಗಿದರು. ಅವಳು ಎದುರಾದರೆ ಎರಡೂ ಕಾಲನ್ನು ಕುರ್ಚಿಯ ಮೇಲಿಟ್ಟು ಆ ಬೀಗರ ಶಾಲನ್ನೇ ಹೊದ್ದುಕೊಂಡುಬಿಡುತ್ತಿದ್ದರು.

ಎರಡನೇ ಸಲದ ಇಂಟರ್ವ್ಯೂಗಳು ಬಂದವು. ಒಂದು ಸಂಜೆ ವಯಸ್ಸಾದ ಅಮೆರಿಕದ ಡಾಕ್ಟರಮ್ಮ ಪರದೆಯ ಮೇಲಿದ್ದರು. ನಾನು, ಅಮ್ಮ, ಕೇಸರಿಬಾತಿನ ತಟ್ಟೆ ಬಾಗಿಲ ಮರೆಯಲ್ಲಿದ್ದೆವು. ನರಗಳ ವಿಷಯವನ್ನೇ ಯಾಕೆ ಆರಿಸಿಕೊಂಡಿರಿ ಎಂದು ಆಕೆ ಕೇಳಿದರು. ಅದಕ್ಕೆ ತಂಗಿ ಉರು ಹೊಡೆದಿದ್ದ ಉತ್ತರ ನನಗೂ ಬರುತ್ತಿತ್ತು. ಅದನ್ನು ಬಿಟ್ಟು ಇವಳು ಛತ್ರದ ಕತೆ ಹೇಳಿದಳು. ಬೀಗರ ಮಾತಿಗೆ ಡಾಕ್ಟರಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕೊನೆಯಲ್ಲಿ ತಂಗಿ ಇಂಗ್ಲಿಷಿನಲ್ಲಿ ಅಂದದ್ದನ್ನು ನಾನು ಅಮ್ಮನ ಕಿವಿಯಲ್ಲಿ ಕನ್ನಡ ಮಾಡಿ ಉಸುರಿದೆ: “ನನ್ನ ಮಾವ ನನ್ನ ಹತ್ತಿರ ಮಾತು ಬಿಟ್ಟಿದ್ದಾರೆ. ಆದರೆ ಚೆನ್ನಾಗಿ ನಡೆಯುತ್ತಾರೆ. ನನಗೆ ಅಷ್ಟು ಸಾಕು.”

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನೇರ ಒಳಗೆ ಹೋಗಿ, ತಟ್ಟೆಯನ್ನು ಪರದೆಯ ಮುಂದೆಯೇ ಇಟ್ಟು ಕೈ ಮುಗಿದಳು. ಆಮೇಲೆ ಅರಕಲಗೂಡಿಗೆ ಫೋನ್ ಮಾಡಿ ಮಗಳ ಮಾತನ್ನು ತಮ್ಮನಿಗೆ ಒಪ್ಪಿಸಿದಳು. ಆ ಕಡೆಯಿಂದ “ಹ್ಞೂಂ” ಎಂದಷ್ಟೇ ಬಂತು.

ಮಾರ್ಚಿನ ಆ ಸೋಮವಾರ ನಾವೆಲ್ಲ ಹೊಳೆನರಸೀಪುರದ ಮನೆಯಲ್ಲಿ ಸೇರಿದ್ದೆವು. ಮೇಲ್ ಬರುವ ಹೊತ್ತಿಗೆ ಗೇಟು ಸದ್ದಾಯಿತು. ಕರೆಯದೆಯೇ ಮಾವ ಬಂದಿದ್ದರು. ಯಾರನ್ನೂ ನೋಡದೆ ಮೂಲೆಯ ಕುರ್ಚಿಯಲ್ಲಿ ಕೂತು ಕಾಲು ಮೇಲಿಟ್ಟು ಶಾಲು ಹೊದ್ದುಕೊಂಡರು. ತಂಗಿ ತನ್ನ ಬೆರಳುಗಳನ್ನು ಚಾಚಿ ನೋಡಿಕೊಂಡು, “ಈ ನಡುಕ ಬರೀ ಭಯದ್ದು ಅಕ್ಕ, ಕಾಯಿಲೆಯದಲ್ಲ” ಎಂದಳು. ಫೋನನ್ನು ನನ್ನ ಕೈಗೆ ಕೊಟ್ಟಳು. ನಾನು ಓದಿದೆ. ಮತ್ತೆ ಓದಿದೆ. ಸೀಟು ಸಿಕ್ಕಿತ್ತು. ಕೆಲಸ ಸಿಕ್ಕಿದ ದಿನವೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ. ಅಮ್ಮ ದೇವರ ಮುಂದೆ ನಿಂತು ಜೋರಾಗಿಯೇ ಅತ್ತಳು.

ಎಲ್ಲ ಸ್ವಲ್ಪ ತಣ್ಣಗಾದ ಮೇಲೆ ಮೂಲೆಯಿಂದ ಮಾವ ಕೆಮ್ಮಿದರು. ಶಾಲು ಸರಿಸಿ, ಪಂಚೆ ಎತ್ತಿ, ಬಲಗಾಲನ್ನು ಎಲ್ಲರೆದುರು ನೀಡಿದರು.

“ಬಾರವ್ವ. ಗೀರು.”

ತಂಗಿ ಕೀಲಿ ತಂದು ಅವರ ಮುಂದೆ ನೆಲದ ಮೇಲೆ ಕೂತಳು. ಹಿಮ್ಮಡಿಯಿಂದ ಮೆಲ್ಲಗೆ ಗೀರಿದಳು. ಹೆಬ್ಬೆರಳು ಕೆಳಕ್ಕೆ ಬಾಗಿತು. “ಸರಿಯಾಗಿದೆ” ಎಂದು ಅವಳು ಏಳಬೇಕಿತ್ತು. ಏಳಲಿಲ್ಲ. ಆ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ಹಣೆ ಇಟ್ಟಳು. ಮಾವ ಅವಳ ತಲೆಯ ಮೇಲೆ ಕೈಯಿಟ್ಟರು.

“ಅಳ್ಬ್ಯಾಡ ಕಣವ್ವ. ಎದ್ದು ಎಲೆ ಆಕು. ಅವತ್ತಿನ ಮದ್ವೆ ಊಟ ಇನ್ನೂ ಬಾಕಿ ಐತೆ, ನಿನ್ ಕೈಲೇ ಉಣ್ಬೇಕು ಅಂತ ಬಂದಿವ್ನಿ.”