ಮಾಲೀಕರು ವಾಸವಿರತಕ್ಕದ್ದು

ನೀವು ಎಲ್ಲಿ ಮಲಗುತ್ತೀರಿ ಎಂದು ಯಾರಾದರೂ ಕೇಳಿದರೆ ಯೋಚನೆ ಮಾಡದೆ ಉತ್ತರ ಹೇಳಬಲ್ಲವರು ಪುಣ್ಯವಂತರು. ಐವತ್ತು ದಾಟುವವರೆಗೆ ನಾನೂ ಅಂಥ ಪುಣ್ಯವಂತರಲ್ಲಿ ಒಬ್ಬನಾಗಿದ್ದೆ. ಆಮೇಲೆ ನಮ್ಮ ಮನೆ ಹೋಂಸ್ಟೇ ಆಯಿತು. ಅಧಿಕಾರಿಯೊಬ್ಬರು ಜೀಪಿನಲ್ಲಿ ಬಂದು ಇದೇ ಪ್ರಶ್ನೆ ಕೇಳಿದಾಗ ನಾನು ಹೆಂಡತಿಯ ಮುಖ ನೋಡಿದೆ. ಪರೀಕ್ಷೆಯಲ್ಲಿ ಪಕ್ಕದವರ ಹಾಳೆ ನೋಡುವ ಚಾಳಿ ನನಗೆ ಹೈಸ್ಕೂಲಿನಿಂದಲೂ ಇದೆ. ಅದರಿಂದ ಉದ್ಧಾರವಾದದ್ದು ಮಾತ್ರ ಇಲ್ಲ.

ನಮ್ಮ ತೋಟ ಇರುವುದು ಬಣಕಲ್ಲಿನಿಂದ ಸ್ವಲ್ಪ ಒಳಗೆ. ತೋಟ ಎಂದ ಕೂಡಲೇ ಬಂಗಲೆ, ಬಟ್ಲರು, ಬೇಟೆನಾಯಿ ಎಂದೆಲ್ಲ ಊಹಿಸಿಕೊಳ್ಳಬೇಡಿ. ಹನ್ನೆರಡು ಎಕರೆ ಕಾಫಿ, ನಾಲ್ಕು ರೂಮಿನ ಹೆಂಚಿನ ಮನೆ, ಕಣದ ಆಚೆಗೆ ಕಾಫಿ ಮೂಟೆ ಇಡುವ ಒಂದು ಗೋಡೌನು, ಇಷ್ಟೇ. ಕಾಫಿ ರೇಟು ನೆಲ ಕಚ್ಚಿದ ವರ್ಷಗಳಲ್ಲಿ ನಮ್ಮ ಕಡೆ ಒಬ್ಬರನ್ನು ನೋಡಿ ಒಬ್ಬರು ಹೋಂಸ್ಟೇ ಶುರು ಮಾಡಿದರು. ಅದಕ್ಕೂ ಮುಂಚೆ ಒಬ್ಬರನ್ನು ನೋಡಿ ಒಬ್ಬರು ವೆನಿಲ್ಲಾ ಬಳ್ಳಿ ಹಾಕಿದ್ದೆವು. ಆ ಕಥೆ ಈಗ ಬೇಡ, ಹೊಟ್ಟೆ ಉರಿಯುತ್ತದೆ. ವೆನಿಲ್ಲಾಕ್ಕಿಂತ ಪ್ರವಾಸಿಗಳು ಎಷ್ಟೋ ವಾಸಿ. ವೆನಿಲ್ಲಾದ ಒಂದೊಂದು ಹೂವಿಗೂ ಕಡ್ಡಿ ಹಿಡಿದು ಪರಾಗ ಮುಟ್ಟಿಸಬೇಕಾಗಿತ್ತು. ಇವರಿಗೆ ಅಕ್ಕಿರೊಟ್ಟಿ, ಕೋಳಿಸಾರು ಕೊಟ್ಟರೆ ಸಾಕು.

ಮೊದಲು ಒಂದೇ ರೂಮು ಎಂದು ತೀರ್ಮಾನಿಸಿದ್ದೆವು. ಮಗಳು ಓದಲು ಹಾಸ್ಟೆಲಿಗೆ ಹೋದ ಮೇಲೆ ಅವಳ ರೂಮೂ ಸೇರಿತು. ಬಳಿಕ ದೇವರ ಸಾಮಾನು, ಹಳೇ ಪೆಟ್ಟಿಗೆಗಳೆಲ್ಲ ಇದ್ದ ಮೂರನೆಯದು. ಕೊನೆಗೆ ಒಂದು ಶನಿವಾರ ಮಂಡಿನೋವಿನ ಅಜ್ಜಿಯೊಬ್ಬರು ಮಕ್ಕಳು ಮೊಮ್ಮಕ್ಕಳೊಂದಿಗೆ ಬಂದಿಳಿದರು. ಬಚ್ಚಲು ಪಕ್ಕದಲ್ಲೇ ಇದ್ದ ರೂಮೆಂದರೆ ನಮ್ಮದೊಂದೇ. ನನ್ನ ಹೆಂಡತಿ ಲಲಿತಳೇ, 'ಪಾಪ, ಎರಡು ದಿವ್ಸ ತಾನೆ. ನಾವು ಗೋಡೌನಲ್ಲಿ ಮಲಗುವ' ಎಂದಳು. ಅಜ್ಜಿ ಎರಡೇ ದಿವಸಕ್ಕೆ ಹೋದರು. ನಾವು ವಾಪಸು ಬರಲಿಲ್ಲ. ಪ್ರತಿ ಸೋಮವಾರವೂ ವಾಪಸು ಹೋಗುವ ಮಾತಾಡುತ್ತಿದ್ದೆವು. ಅಷ್ಟರಲ್ಲಿ ಫೋನು ಬರುತ್ತಿತ್ತು, ನಾನು 'ಬನ್ನಿ ಬನ್ನಿ, ಧಾರಾಳ ಜಾಗ ಇದೆ' ಎಂದುಬಿಡುತ್ತಿದ್ದೆ. ಧಾರಾಳವಾಗಿದ್ದದ್ದು ನನ್ನ ಬಾಯಿ. ಪ್ರವಾಸಿಗಳ ಮಕ್ಕಳು ಚಕ್ರ ತಿರುಗಿಸಿ ಆಟವಾಡುತ್ತಾರೆಂದು ಲಲಿತಳ ಹೊಲಿಗೆ ಮಿಷನ್ನೂ ಗೋಡೌನಿಗೆ ಬಂತು. ಹೀಗೆ ಎರಡು ವರ್ಷ ಕಳೆಯಿತು.

ಹೀಗಿರುವಾಗ ಪಂಚಾಯಿತಿ ಸೆಕ್ರೆಟರಿಯವರು ಕರೆಸಿ ಒಂದು ಹಾಳೆ ಕೈಗಿತ್ತರು. ಇನ್ನು ಮೇಲೆ ಹೋಂಸ್ಟೇ ನಡೆಸುವವರು ಲೈಸೆನ್ಸ್ ಮಾಡಿಸಿಕೊಳ್ಳಬೇಕು, ಇಲ್ಲದಿದ್ದರೆ ಗೇಟಿನ ಬೋರ್ಡು ಇಳಿಸಬೇಕು. ಮಗಳ ಓದು ಆ ಬೋರ್ಡಿಗೇ ಜೋತುಬಿದ್ದಿದ್ದರಿಂದ ನಾನು ಮರುದಿನವೇ ಓಡಾಟ ಶುರು ಮಾಡಿದೆ. ನಾನು ಸಭ್ಯಸ್ಥ ಎಂದು ಪೊಲೀಸ್ ಠಾಣೆಯವರು ಬರೆದುಕೊಡಬೇಕಿತ್ತು, ಕೊಟ್ಟರು. ಬಚ್ಚಲಿನ ಫೋಟೋ ಬೇಕಿತ್ತು. ಮೂಡಿಗೆರೆಯ ಸ್ಟುಡಿಯೋದವನು ಬಂದು, ಖಾಲಿ ಬಚ್ಚಲು ಚೆನ್ನಾಗಿ ಕಾಣುವುದಿಲ್ಲವೆಂದು ಬಕೆಟ್ಟಿನ ಪಕ್ಕ ನನ್ನನ್ನೂ ನಿಲ್ಲಿಸಿ ತೆಗೆದ. ಉಳಿದದ್ದು ಒಂದೇ ಸಾಲು: 'ಮಾಲೀಕರು ಸದರಿ ಮನೆಯಲ್ಲಿ ಕುಟುಂಬ ಸಮೇತ ವಾಸವಿರತಕ್ಕದ್ದು.' ಅದನ್ನು ನೋಡಲು ಜಿಲ್ಲಾ ಕಚೇರಿಯಿಂದ ಅಧಿಕಾರಿ ಬರುತ್ತಾರಂತೆ. ಸೆಕ್ರೆಟರಿಯವರು ನನ್ನ ಮುಖ ನೋಡಿ, 'ಅದಕ್ಕೆಂತ ತಲೆಬಿಸಿ ಮಾರಾಯ್ರೆ? ನಿಮ್ಮನೇಲಿ ನೀವಿದ್ದೀರಲ್ಲ' ಎಂದರು. ನಾನು ಹೌದೆಂದು ತಲೆಯಾಡಿಸಿ ಬಂದೆ.

ಅಧಿಕಾರಿ ಬರುವ ದಿನ ಬೆಳಿಗ್ಗೆಯಿಂದ ನಾವು ನಮ್ಮ ಮನೆಯಲ್ಲಿ ವಾಸ ಮಾಡಲು ಶುರು ಮಾಡಿದೆವು. ನಮ್ಮ ಹಳೇ ರೂಮಿನ ಗೂಟಕ್ಕೆ ನನ್ನ ಪಂಚೆ ನೇತುಹಾಕಿದೆ. ಕಿಟಕಿಯ ಮೇಲೆ ಮುಲಾಮಿನ ಡಬ್ಬಿ, ಕನ್ನಡಕ, ಅರ್ಧ ಓದಿದ ವಾರಪತ್ರಿಕೆ ಇಟ್ಟೆ. ಹಾಸಿಗೆ ತೀರಾ ನೀಟಾಗಿದೆ ಎನಿಸಿ, ಮೇಲೆ ಒಂದು ಸಲ ಹೊರಳಾಡಿ ಎದ್ದೆ. ಲಲಿತ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

'ಹೊಲಿಗೆ ಮಿಷನ್ನೂ ತಂದುಬಿಡುವ, ಚೆನ್ನಾಗಿ ಕಾಣ್ತದೆ' ಎಂದೆ.

'ಒಂದಿನಕ್ಕಾ?'

'ಒಂದಿನಕ್ಕೇ. ನಾಳೆ ವಾಪಸ್ ಇಡುವ.'

'ಹಾಗಾದ್ರೆ ಬೇಡ' ಎಂದವಳೇ ಅಡುಗೆಮನೆಗೆ ಹೋದಳು. ಆ 'ಬೇಡ' ನನಗೆ ಆಗಲೇ ಅರ್ಥವಾಗಬೇಕಿತ್ತು. ನಾನು ಪಂಚೆಯ ನೆರಿಗೆ ಸರಿಮಾಡುತ್ತಿದ್ದೆ.

ಅಧಿಕಾರಿ ಮೆದು ಮಾತಿನ ಮನುಷ್ಯ. ಸೆಕ್ರೆಟರಿಯವರ ಜೊತೆ ಬಂದು ಜಗಲಿಯಲ್ಲಿ ನೀರು ಕುಡಿದು, 'ನಿಮ್ಮ ರೂಮು ತೋರಿಸಿ' ಎಂದರು. ನಾನು ಉತ್ಸಾಹದಿಂದ ಮುಂದೆ ನಡೆದೆ. ಮುಚ್ಚಿದ್ದ ಬಾಗಿಲ ಮುಂದೆ ನಿಂತೆ. ಎರಡು ವರ್ಷದಿಂದ ಬೆಡ್ ಕಾಫಿ ಕೊಟ್ಟು ಅಭ್ಯಾಸವಾದ ಕೈ, ಕೇಳಬೇಕೇ? ಟಕಟಕನೆ ಬಾಗಿಲು ಬಡಿದು, ಪಕ್ಕಕ್ಕೆ ಸರಿದು, ಒಳಗಿನಿಂದ ಯಾರಾದರೂ 'ಬನ್ನಿ' ಎನ್ನುತ್ತಾರೇನೋ ಎಂದು ಕಾದು ನಿಂತೆ. ಸೆಕ್ರೆಟರಿಯವರು ಛಾವಣಿ ನೋಡಿದರು. ಅಧಿಕಾರಿ ನನ್ನ ಕಡೆಗೊಮ್ಮೆ, ಬಾಗಿಲ ಕಡೆಗೊಮ್ಮೆ ನೋಡಿ, ಕಾಫಿ ತಟ್ಟೆ ಹಿಡಿದು ಬರುತ್ತಿದ್ದ ಲಲಿತಳ ಕಡೆ ತಿರುಗಿದರು.

'ಅಮ್ಮಾ, ನೀವು ಮಲಗೋದೆಲ್ಲಿ?'

ನಾನು ಕಣ್ಣಿನಲ್ಲೇ ಎಷ್ಟು ಸನ್ನೆ ಮಾಡಬಹುದೋ ಅಷ್ಟೂ ಮಾಡಿದೆ. ಲಲಿತ ತಟ್ಟೆಯನ್ನು ಮೇಜಿನ ಮೇಲಿಟ್ಟು, 'ಗೋಡೌನಲ್ಲಿ ಸಾರ್' ಎಂದಳು.

ಬೋರ್ಡು ಇಳಿಯಿತು ಎಂದುಕೊಂಡೆ. ಎಲ್ಲರೂ ಕಣ ದಾಟಿ ಗೋಡೌನಿಗೆ ಹೋದೆವು. ದಿನಾ ಹೋಗಿ ಬರುವ ಜಾಗವೇ. ಆದರೆ ಹೊರಗಿನವರೊಬ್ಬರು ಪಕ್ಕದಲ್ಲಿ ನಿಂತು ನೋಡುವಾಗ ನನಗೆ ಅದು ಮೊದಲ ಸಲ ಕಂಡಂತಾಯಿತು. ಒಂದು ಮೂಲೆಯಲ್ಲಿ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿಬೀಜದ ಮೂಟೆಗಳು ಆಳೆತ್ತರಕ್ಕೆ ನಿಂತಿದ್ದವು. ಅವುಗಳ ಮಗ್ಗುಲಲ್ಲೇ ನಮ್ಮ ಎರಡು ಮಂಚ. ಮೊಳೆಗೆ ಸಿಕ್ಕಿಸಿದ ಅಂಗೈಯಗಲದ ಕನ್ನಡಿ. ಲಲಿತ ಒಂದು ಮೂಟೆಗೆ ಹಳೆ ಸೀರೆಯ ಕವರು ಹೊಲಿದು ಹಾಕಿ ಅದನ್ನೇ ಮೇಜು ಮಾಡಿಕೊಂಡಿದ್ದಳು. ಗೋಡೌನಿಗೆ ಕಿಟಕಿ ಇಲ್ಲ. ಹೊಲಿಗೆ ಮಿಷನ್ನನ್ನು ಬೆಳಕಿಗೆಂದು ಬಾಗಿಲಿಗೆ ಒತ್ತಿ ಇಟ್ಟುಕೊಂಡಿದ್ದಳು. ಮಳೆಗಾಲದಲ್ಲಿ ಅಲ್ಲಿ ಎರಚಲು ಹೊಡೆಯುವುದರಿಂದ ಮಿಷನ್ನಿನ ಕಾಲು ತುಕ್ಕು ಹಿಡಿದಿತ್ತು. ನನಗೆ ನಾಚಿಕೆಯಾಯಿತು. ಅಧಿಕಾರಿಯ ಮುಂದೆ ಸಿಕ್ಕಿಬಿದ್ದ ನಾಚಿಕೆ ಬೇರೆ, ಇದು ಬೇರೆ.

'ನಿಮಗೆ ಲೈಸೆನ್ಸ್ ಇಲ್ಲ ಅಂತ ಬರೆದು ಹೋಗೋದು ನನಗೆ ಕಷ್ಟ ಅಲ್ಲ' ಎಂದರು ಅಧಿಕಾರಿ. 'ಆದ್ರೆ ಅಮ್ಮ ನಿಜ ಹೇಳಿದ್ದಾರೆ. ಒಂದು ರೂಮು ನಿಮಗಿಟ್ಟುಕೊಂಡು ಮೂರಕ್ಕೆ ಅರ್ಜಿ ಹಾಕಿ. ಅರ್ಜಿ ಅಮ್ಮನ ಹೆಸರಲ್ಲೇ ಇರ್ಲಿ. ನಿಮ್ಮ ಹೆಸರಲ್ಲಾದ್ರೆ ಮುಂದಿನ ಸೀಸನ್ನಿಗೆ ನೀವು ಮತ್ತೆ ಗೋಡೌನು ಸೇರ್ತೀರಿ.'

ಅವರ ಜೀಪು ಹೋದ ಮೇಲೆ ಲಲಿತಳನ್ನು ಕೇಳಿದೆ, 'ಅಲ್ಲ ಮಾರಾಯ್ತಿ, ಮನೇಲಿ ಮಲಗೋದು ಅಂತ ಒಂದು ಮಾತು ಅಂದಿದ್ರೆ ನಿನಗೆಂತ ಆಗ್ತಿತ್ತು?'

'ಅವ್ರು ನನ್ನನ್ನ ಕೇಳಿದ್ರು' ಎಂದಳು. 'ಎರಡು ವರ್ಷದಲ್ಲಿ ಯಾರೂ ಕೇಳಿರ್ಲಿಲ್ಲ.'

ಅವತ್ತೇ ಸಂಜೆಯೊಳಗೆ ಮಂಚ, ಕನ್ನಡಿ, ಮಿಷನ್ನು ಎಲ್ಲವನ್ನೂ ಒಬ್ಬನೇ ಹೊತ್ತು ವಾಪಸು ತಂದೆ. ಸೊಂಟ ಹಿಡಿದುಕೊಂಡಿತು, ಅದನ್ನು ಯಾರಿಗೂ ಹೇಳಲಿಲ್ಲ.

ಆದರೆ ಕಾಗದಪತ್ರದ ಕೆಲಸ ಅಷ್ಟಕ್ಕೆ ಮುಗಿಯಬೇಕಲ್ಲ. ಮನೆ ನನ್ನ ಹೆಸರಿನಲ್ಲಿರುವುದರಿಂದ, ಅರ್ಜಿದಾರಳಾದ ಲಲಿತ ಅಲ್ಲಿ ವಾಸವಿರಲು ನನ್ನ ಒಪ್ಪಿಗೆ ಪತ್ರ ಬೇಕೆಂದು ಸೆಕ್ರೆಟರಿಯವರು ಹೇಳಿದರು. ಮೂಡಿಗೆರೆ ತಾಲೂಕು ಕಚೇರಿಯ ಎದುರು ಟೈಪು ಮಾಡುವವರ ಹತ್ತಿರ ಹೋಗಿ ಕುಳಿತೆ. ಅವರು ಛಾಪಾ ಕಾಗದ ಏರಿಸಿ, ತಮಗೆ ಬಾಯಿಪಾಠವಾಗಿದ್ದ ಭಾಷೆಯಲ್ಲಿ ಟಕಟಕ ಹೊಡೆದು ಓದಿ ಹೇಳಿದರು: 'ಮೇಲ್ಕಂಡ ಮನೆಯಲ್ಲಿ ನನ್ನ ಧರ್ಮಪತ್ನಿಯಾದ ಲಲಿತ ಎಂಬುವವರು ಕಾಯಂ ಆಗಿ ವಾಸವಿರಲು ನನ್ನದೇನೂ ಅಭ್ಯಂತರವಿರುವುದಿಲ್ಲ.' ಮದುವೆಯಾಗಿ ಇಪ್ಪತ್ತೆರಡು ವರ್ಷಕ್ಕೆ ನಾನು ಅದರ ಕೆಳಗೆ ರುಜು ಹಾಕಿದೆ.

ಮನೆಗೆ ತಂದು ತೋರಿಸಿದಾಗ ಲಲಿತ ನಗುತ್ತಾಳೆ ಎಂದುಕೊಂಡಿದ್ದೆ. ಅವಳು ಎರಡು ಸಲ ಓದಿ, 'ಇದರದ್ದೊಂದು ಜೆರಾಕ್ಸ್ ಮಾಡ್ಸಿ ನನಗೆ ಕೊಡಿ' ಎಂದಳು. ಕೊಟ್ಟೆ. ಅದು ಅವಳ ಬೀರುವಿನಲ್ಲಿ, ಒಳ್ಳೆಯ ಸೀರೆಗಳ ನಡುವೆ ಭದ್ರವಾಗಿದೆ.

ಲೈಸೆನ್ಸ್ ಬಂತು. ಮೊನ್ನೆ ಶನಿವಾರಕ್ಕೆ ನಾಲ್ಕು ರೂಮು ಬೇಕೆಂದು ಯಾರೋ ಫೋನು ಮಾಡಿದ್ದರು. 'ಅದಕ್ಕೇನಂತೆ, ಹೇಗಾದ್ರೂ ಅಡ್ಜಸ್ಟ್...' ಎನ್ನುವಷ್ಟರಲ್ಲಿ ಒಳಗೆ ಬೀರುವಿನ ಬಾಗಿಲು ಕಿರ್ರೆಂದಿತು. ತಕ್ಷಣ ಸ್ವರ ಬದಲಿಸಿ, 'ಮೂರೇ ಇರೋದು. ನಾಲ್ಕನೇದು ಮಾಲೀಕರದ್ದು' ಎಂದೆ.

'ಹಾಗಾದ್ರೆ ನೀವು ಯಾರು ಮಾತಾಡ್ತಿರೋದು?' ಎಂದು ಆ ಕಡೆಯವರು ಕೇಳಿದರು.

'ನಾನೂ ಅವರ ಹತ್ರನೇ ಉಳ್ಕೊಂಡಿದ್ದೇನೆ' ಎಂದೆ. 'ಚೆನ್ನಾಗಿ ನೋಡ್ಕೊಳ್ತಾರೆ, ಬನ್ನಿ.'