‘ಪರವಾಗಿಲ್ಲ’ ಎನ್ನುವ ಸೀಮೆಯಲ್ಲಿ ಜಾಹೀರಾತು

ಧಾತ್ರಿ, ಸುಹಾಸ, ನಿಮ್ಮಜ್ಜಿಗೆ ನಾಚಿಕೆ ಎಷ್ಟಿತ್ತೆಂದು ತಿಳಿಯಬೇಕಾದರೆ ನಮ್ಮ ಮನೆಯ ಫೋಟೋ ಆಲ್ಬಮ್ ತೆಗೆದು ನೋಡಿ. ಮದುವೆಯ ಫೋಟೋದಲ್ಲಿ ನನ್ನ ಬೈತಲೆ ಮಾತ್ರ ಕಾಣುತ್ತದೆ, ಅಷ್ಟು ತಲೆ ತಗ್ಗಿಸಿದ್ದೆ. ನಿಮ್ಮಪ್ಪನ ನಾಮಕರಣದ ಫೋಟೋದಲ್ಲಿ ತೊಟ್ಟಿಲ ಹಗ್ಗ ಹಿಡಿದ ಒಂದು ಕೈ ಇದೆ, ಅದು ನನ್ನದು. ನಿಮ್ಮ ಸೋದರತ್ತೆಯ ಮದುವೆಯ ಗ್ರೂಪ್ ಫೋಟೋದಲ್ಲಿ ದಪ್ಪನೆಯ ಬೀಗರೊಬ್ಬರ ಹಿಂದಿನಿಂದ ಒಂದು ಕಿವಿ, ಒಂದು ಓಲೆ ಇಣುಕುತ್ತಿವೆ. ಓಲೆ ನೋಡಿ ನಾನೆಂದು ಗುರುತು ಹಿಡಿಯಬೇಕು. ಹೀಗೆ ಎಲ್ಲ ಫೋಟೋಗಳಿಂದ ತುಂಡು ತುಂಡು ಕತ್ತರಿಸಿ ಕೂಡಿಸಿದರೆ ಹೇಗೋ ಒಬ್ಬ ಅಜ್ಜಿ ಆದಾಳು. ಇಂಥವಳು ಅರವತ್ತೆರಡನೆಯ ವಯಸ್ಸಿನಲ್ಲಿ ನಿಮ್ಮಮ್ಮನ ಜೊತೆ ಸೇರಿ ಸೋಶಿಯಲ್ ಮೀಡಿಯಾ ಜಾಹೀರಾತಿನ ಏಜೆನ್ಸಿ ಶುರು ಮಾಡಿದಳು ಎಂದರೆ ನೀವು ನಂಬುವುದು ಹಾಗಿರಲಿ, ಒಮ್ಮೊಮ್ಮೆ ನನಗೇ ನಂಬಿಕೆ ಬರುವುದಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ.

ಸಾಗರದ ಪೇಟೆಯಲ್ಲಿ ನಿಮ್ಮಜ್ಜನದೊಂದು ಮುದ್ರಣಾಲಯ ಇದ್ದದ್ದು ನಿಮಗೆ ಅಷ್ಟಾಗಿ ನೆನಪಿರಲಾರದು. ಅಜ್ಜ ಮುಂದಿನ ಕೌಂಟರಿನಲ್ಲಿ, ನಾನು ಹಿಂದಿನ ಕೋಣೆಯಲ್ಲಿ ಅಚ್ಚಿನ ಮೊಳೆ ಜೋಡಿಸುತ್ತ ಇರುತ್ತಿದ್ದೆ. ಹಳ್ಳಿಯ ಶಾಲೆಯಲ್ಲಿ ಏಳನೇ ಕ್ಲಾಸು ಮುಗಿಸಿದವಳು ಮುಂದೆ ಕಲಿತ ಕನ್ನಡವೆಲ್ಲ ಆ ಕೋಣೆಯದು. ಅದನ್ನೂ ಉಲ್ಟಾ ಕಲಿತೆ, ಏಕೆಂದರೆ ಮೊಳೆಯಲ್ಲಿ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ಇರುತ್ತದೆ. ಸೀರೆ ಅಂಗಡಿಯ ಹ್ಯಾಂಡ್‌ಬಿಲ್, ನಾಟಕ ಕಂಪನಿಯ ಹ್ಯಾಂಡ್‌ಬಿಲ್, ಮೂಲವ್ಯಾಧಿ ಔಷಧಿಯ ಹ್ಯಾಂಡ್‌ಬಿಲ್, ಮೂರಕ್ಕೂ ಒಂದೇ ಭಾಷೆ: ‘ಇಂದೇ ಧಾವಿಸಿರಿ! ತಡಮಾಡಿ ನಿರಾಶರಾಗದಿರಿ!’ ನಮ್ಮ ಮುದ್ರಣಾಲಯದಲ್ಲಿ ಬೇರೆಲ್ಲಕ್ಕಿಂತ ಮೊದಲು ಸವೆದುಹೋಗುತ್ತಿದ್ದದ್ದು ಆಶ್ಚರ್ಯಸೂಚಕ ಚಿಹ್ನೆಯ ಮೊಳೆ. ಆಮೇಲೆ ಕಂಪ್ಯೂಟರ್ ಬಂತು, ಮೊಬೈಲ್ ಬಂತು, ಹ್ಯಾಂಡ್‌ಬಿಲ್ ಮಾಡಿಸುವವರು ಇಲ್ಲವಾದರು. ಒಂದು ದಿನ ನಿಮ್ಮಜ್ಜನೂ ಹೋದರು. ಎರಡು ವರ್ಷ ಬೀಗ ಹಾಕಿದ್ದ ಆ ಮಳಿಗೆಯನ್ನು ನಾನು ಪ್ರತಿ ಶುಕ್ರವಾರ ತೆಗೆದು, ಗುಡಿಸಿ, ಮೊಳೆ ಪೆಟ್ಟಿಗೆಯ ಧೂಳು ಒರೆಸಿ ಬರುತ್ತಿದ್ದೆ. ಲೋಕದಲ್ಲಿ ನನಗೆ ನಾಚಿಕೆಯಾಗದ ಜಾಗ ಎಂದರೆ ಅದೊಂದೇ.

ಶಾಲೆಗಳು ಶುರುವಾದ ವಾರ, ಮಳಿಗೆ ಬಾಡಿಗೆಗೆ ಕೊಟ್ಟಿದ್ದ ಬಿಲ್ಡಿಂಗ್ ಮಾಲೀಕ ಮಂಜಪ್ಪನವರು ಮನೆಗೆ ಬಂದರು. ನಾನು ಎಂದಿನಂತೆ ಅಡಿಗೆಮನೆಯ ಪರದೆಯ ಹಿಂದೆ ನಿಂತೆ.

“ಅಮ್ಮಾ, ಬೀಗ ಹಾಕಿದ ಮಳಿಗೆ ಬಿಲ್ಡಿಂಗಿಗೆ ಲಕ್ಷಣ ಅಲ್ಲ. ಮೊಬೈಲ್ ಕವರ್ ಮಾರೋರೊಬ್ರು ಕೇಳ್ತಿದಾರೆ. ಕೊಟ್ಬಿಡ್ಲಾ?” ಎಂದರು ಪರದೆಯ ಕಡೆಗೆ ತಿರುಗಿ.

ಬಟ್ಟೆ ಮಡಚುತ್ತಿದ್ದ ನಿಮ್ಮಮ್ಮ ಮಮತಾ ಥಟ್ಟನೆ, “ಕೊಡ್ಬೇಡಿ, ನಾವೇ ಶುರು ಮಾಡ್ತಿದೀವಿ” ಎಂದಳು.

“ಎಂತ ಶುರು ಮಾಡ್ತೀರಿ?”

“ಪ್ರಚಾರದ ಕೆಲಸ. ಸೋಶಿಯಲ್ ಮೀಡಿಯಾದಲ್ಲಿ. ಸಣ್ಣ ಅಂಗಡಿಯೋರಿಗೆ, ಮನೇಲಿ ಮಾಡಿ ಮಾರೋರಿಗೆ.”

ಮಂಜಪ್ಪನವರಿಗೆ ಆದಷ್ಟೇ ಆಶ್ಚರ್ಯ ಪರದೆಯ ಹಿಂದಿದ್ದ ನನಗೂ ಆಯಿತು. ಮಮತಾ ಗೆಳತಿಯರ ಹುಟ್ಟುಹಬ್ಬಕ್ಕೆ ಚಂದದ ಸ್ಟೇಟಸ್ ಮಾಡಿಕೊಡುತ್ತಿದ್ದದ್ದು ಗೊತ್ತಿತ್ತು, ಆದರೆ ಅದು ಮಳಿಗೆ ಹಿಡಿಯುವಂಥ ಕೆಲಸವೆಂದು ಗೊತ್ತಿರಲಿಲ್ಲ. ಆ ವಾರವೇ ಅವಳು ಅಜ್ಜನ ಬೋರ್ಡನ್ನು ಹಾಗೇ ಇಟ್ಟುಕೊಂಡು, ಅದರ ಕೆಳಗೆ ‘ಸೋಶಿಯಲ್ ಮೀಡಿಯಾ ಪ್ರಚಾರ, ಸಾಗರ – ಹೊಸನಗರ – ತೀರ್ಥಹಳ್ಳಿ’ ಎಂದು ಬರೆಸಿದಳು. ದೊಡ್ಡ ಕಂಪನಿಯವರು ಮುಂಬಯಿ, ದೆಹಲಿ ಎಂದು ಬರೆಸುವುದಿಲ್ಲವೇ, ಹಾಗೆ. ಆಗ ನಮಗೆ ಎದುರಿನ ಬೀದಿಯಲ್ಲೂ ಒಬ್ಬ ಗಿರಾಕಿ ಇರಲಿಲ್ಲ.

ಮಂಜಪ್ಪನವರು ಬೋರ್ಡಿನ ಕೆಳಗೆ ನಿಂತು ಓದಿದರು. “ಮೂರು ತಾಲ್ಲೂಕು! ಆಯ್ತಮ್ಮ, ಗೌರಿ ಹಬ್ಬದೊಳಗೆ ಒಂದೊಂದು ತಾಲ್ಲೂಕಿಂದ ಒಬ್ಬೊಬ್ರು ಗಿರಾಕಿ ಬರ್ಲಿ, ಸಾಕು. ಮಳಿಗೆ ನಿಮ್ಮದೇ. ಬರ್ಲಿಲ್ಲ ಅಂದ್ರೆ ಬೇಜಾರ್ ಮಾಡ್ಕೋಬೇಡಿ, ಮೊಬೈಲ್ ಕವರಿನೋರಿಗೆ ಕೊಡ್ತೀನಿ” ಎಂದರು. ಅಂದರೆ ನಮಗೆ ಇದ್ದದ್ದು ಮೂರು ತಿಂಗಳು.

ಮೊದಲು ಸಿಕ್ಕವಳು ಸಾಗರದವಳೇ ಆದ ಟೈಲರ್ ವಸಂತಿ, ನಮ್ಮ ಹಿಂದಿನ ಓಣಿಯಲ್ಲಿ ಬ್ಲೌಸ್ ಹೊಲಿಯುವವಳು. ಫೋಟೋ ಮಮತಾಳದು, ಬರವಣಿಗೆ ನನ್ನದು. ಮೂವತ್ತೆಂಟು ವರ್ಷದ ಅನುಭವವನ್ನೆಲ್ಲ ಸುರಿದೆ: ‘ಮೂರು ತಾಲ್ಲೂಕಿನಲ್ಲೇ ಸಾಟಿಯಿಲ್ಲದ ಹೊಲಿಗೆ! ಮಹಿಳೆಯರೇ, ಇಂದೇ ಧಾವಿಸಿರಿ!’ ಬರೆದು ನಾನೇ ನಾಲ್ಕು ಸಲ ಓದಿಕೊಂಡೆ. ಮೊಬೈಲಿನಲ್ಲಿ ಆಶ್ಚರ್ಯಸೂಚಕ ಸವೆಯುವುದಿಲ್ಲವಲ್ಲ, ಎಷ್ಟು ಬೇಕಾದರೂ ಹಾಕಬಹುದೆಂದು ಖುಷಿಯಾಗಿತ್ತು. ಮರುದಿನ ಬೆಳಿಗ್ಗೆ ಧಾವಿಸಿ ಬಂದದ್ದು ಒಬ್ಬಳೇ ಮಹಿಳೆ, ವಸಂತಿ.

“ಅಕ್ಕಾ, ಮೊದ್ಲು ಅದನ್ನ ತೆಗ್ಸಿ! ನಾನು ಓಣೀಲಿ ಓಡಾಡೋದು ಬೇಡ್ವಾ? ಹಾಲಿಗೆ ಹೋದ್ರೆ ‘ಏನೇ ಸಾಟಿಯಿಲ್ಲದವಳೇ, ಅರ್ಧ ಲೀಟರ್ ಸಾಕಾ’ ಅಂತಾರೆ. ನಮ್ಮತ್ತೆ ಬೆಳಗ್ಗಿಂದ ನನ್ನ ಹೆಸರೇ ಹಿಡೀತಿಲ್ಲ, ‘ಸಾಟಿಯಿಲ್ಲದೋರಿಗೆ ಕಾಫಿ ಬೇಕಾ ಕೇಳಿ’ ಅಂತಿದಾರೆ!”

ತೆಗೆದೆವು. ಮಂಜಪ್ಪನವರಿಗೂ ಸುದ್ದಿ ಮುಟ್ಟಿತ್ತು. “ಬರೋಕೆ ಮುಂಚೆನೇ ಒಂದು ತಾಲ್ಲೂಕು ಹೋಯ್ತಂತೆ?” ಎಂದು ನಕ್ಕರು. ಆ ದಿನ ಹಿಂದಿನ ಕೋಣೆಗೆ ಹೋಗಿ ಮೊಳೆ ಪೆಟ್ಟಿಗೆಯ ಎದುರು ಕುಳಿತವಳಿಗೆ, ಈ ಕೋಣೆಯಲ್ಲಿ ಬಣ್ಣ ಬಣ್ಣದ ಮೊಬೈಲ್ ಕವರ್ ನೇತಾಡುವುದು ಕಣ್ಣಿಗೆ ಕಟ್ಟಿದ ಹಾಗಾಯಿತು.

ಎರಡನೆಯ ಪ್ರಯತ್ನಕ್ಕೆ ಹೊಸನಗರಕ್ಕೆ ಹೋದೆವು. ಅಲ್ಲಿ ಸೀತಕ್ಕ ಎಂಬ ಗದ್ದೆಯ ಕೆಲಸದ ಹೆಂಗಸು ಮಾವಿನಮಿಡಿಯ ಉಪ್ಪಿನಕಾಯಿ ಹಾಕಿ ಮಾರುತ್ತಿದ್ದರು. ರುಚಿ ನೋಡಿದವರು ಜನ್ಮದಲ್ಲಿ ಮರೆಯುವಂಥದ್ದಲ್ಲ. ಈ ಸಲ ನನ್ನ ಬರವಣಿಗೆ ಬೇಡವೇ ಬೇಡ, ಮಾಡಿದವರೇ ಮಾತಾಡಲಿ ಎಂದು ಮಮತಾ ತೀರ್ಮಾನಿಸಿದ್ದಳು. ಮೊಬೈಲನ್ನು ಅಕ್ಕಿ ಡಬ್ಬಿಗೆ ಒರಗಿಸಿಟ್ಟು, “ನಿಮ್ಮ ಉಪ್ಪಿನಕಾಯಿ ಬಗ್ಗೆ ಎರಡು ಮಾತು ಹೇಳಿ ಸೀತಕ್ಕ” ಎಂದಳು.

“ಎಂತ ಹೇಳೋದು? ಮಾಡಿದೀನಿ ಒಂಚೂರು. ನಮ್ಮತ್ತೆ ಮಾಡ್ತಿದ್ದಂಗೆ ಬರಲ್ಲ ನಂಗೆ.”

“ಹಂಗಲ್ಲ, ಚೆನ್ನಾಗಿದೆ ಅಂತ ಹೇಳ್ಬೇಕು.”

“ಅಯ್ಯ! ನಾನ್ ಮಾಡಿದ್ದನ್ನ ನಾನೇ ಚೆನ್ನಾಗಿದೆ ಅನ್ನೋದಾ? ಅದನ್ನ ತಿಂದೋರು ಹೇಳ್ಬೇಕು ಮಾರಾಯ್ತಿ. ಈ ಸಲ ಖಾರ ಒಂಚೂರು ಮುಂದಾಗಿದೆ. ಬೇಕಾದ್ರೆ ತಗೊಳ್ಲಿ, ಬೇಡಾಂದ್ರೆ ನಮ್ಮನೇಲೇ ಖರ್ಚಾಗುತ್ತೆ.”

ಹತ್ತು ಸಲ ತೆಗೆದರೂ ಇದೇ ಮಾತು. ಹನ್ನೊಂದನೆಯ ಸಲಕ್ಕೆ ಸೀತಕ್ಕ, “ಉಪ್ಪೂ ಜಾಸ್ತಿ ಆಯ್ತೇನೋ” ಎಂದು ಬೇರೆ ಸೇರಿಸಿದರು. ವಾಪಸು ಬರುವ ಬಸ್ಸಿನಲ್ಲಿ ಮಮತಾ ಬೇಜಾರಿನಿಂದ ಆ ವಿಡಿಯೋಗಳನ್ನೆಲ್ಲ ಅಳಿಸಲು ಹೊರಟಳು. ನಾನು ಅವಳ ಕೈ ಹಿಡಿದೆ. “ಅಳಿಸ್ಬೇಡ. ಇದನ್ನೇ ಹಾಕು” ಎಂದೆ. ಬಸ್ಸಿನಲ್ಲಿ ನಾಲ್ಕು ಜನ ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದ್ದೆನಂತೆ. ಆಮೇಲೆ ಸಾಗರ ಬರುವವರೆಗೂ ಸೆರಗು ಮುಖಕ್ಕೆ ಅಡ್ಡ ಹಿಡಿದು ಕುಳಿತಿದ್ದೆ.

ಹಾಗೆ ಹೇಳಲು ಕಾರಣವಿದೆ, ಕೇಳಿ. ನಮ್ಮ ಕಡೆಯ ಜನ ತಮ್ಮದನ್ನು ತಾವು ಹೊಗಳಿಕೊಂಡದ್ದನ್ನು ನೀವು ಎಲ್ಲಾದರೂ ಕೇಳಿದ್ದೀರಾ? ‘ಎಂತದೂ ಮಾಡಿಲ್ಲ, ಬರೀ ಗಂಜಿ-ಚಟ್ನಿ, ಬನ್ನಿ’ ಎಂದು ಯಾರಾದರೂ ಊಟಕ್ಕೆ ಕರೆದರೆ ಹಿಂದಿನ ಹೊತ್ತಿನ ಊಟ ಬಿಟ್ಟು ಹೋಗಬೇಕು, ಎಲೆಯ ತುಂಬ ಬಡಿಸುತ್ತಾರೆ. ‘ಫಸ್ಟ್ ಕ್ಲಾಸ್ ಊಟ’ ಎಂದು ಕರೆದರೆ ಉಂಡುಕೊಂಡೇ ಹೋಗುವುದು ಕ್ಷೇಮ. ನನ್ನನ್ನು ನೋಡಲು ನಿಮ್ಮಜ್ಜನ ಮನೆಯವರು ಬಂದಾಗ ನಮ್ಮಮ್ಮ, “ಹುಡುಗಿಗೆ ಅಡಿಗೆ ಅಷ್ಟೇನೂ ಬರಲ್ಲ, ಬಣ್ಣ ಕಮ್ಮಿ, ಮಾತೂ ಕಮ್ಮಿ” ಎಂದಿದ್ದರು. ಅವರು ಅದನ್ನೆಲ್ಲ ತಿರುಗಿಸಿ ಅರ್ಥ ಮಾಡಿಕೊಂಡು ಸಂತೋಷದಿಂದ ಒಪ್ಪಿಕೊಂಡರು. ಅಮ್ಮ ಹೇಳಿದ್ದೆಲ್ಲ ಅಕ್ಷರಶಃ ನಿಜವೆಂದು ಮದುವೆಯಾದ ಮೇಲೆ ತಿಳಿಯಿತು. ನಿಮ್ಮಜ್ಜ ನನ್ನ ಕೆಲಸವನ್ನು ಹೊಗಳಿದ್ದು ಒಂದೇ ಸಲ. ದೊಡ್ಡದೊಂದು ಲಗ್ನಪತ್ರಿಕೆಯನ್ನು ಒಂದೂ ತಪ್ಪಿಲ್ಲದೆ ಜೋಡಿಸಿಕೊಟ್ಟಾಗ ಕನ್ನಡಕ ಮೇಲೆತ್ತಿ, “ಪರವಾಗಿಲ್ಲ” ಎಂದಿದ್ದರು. ಆ ಮಾತನ್ನು ನಾನು ಇವತ್ತಿಗೂ ಒಡವೆಯ ಹಾಗೆ ಇಟ್ಟುಕೊಂಡಿದ್ದೇನೆ. ಇದೆಲ್ಲ ಗೊತ್ತಿದ್ದೂ ಮೂವತ್ತೆಂಟು ವರ್ಷ ‘ಧಾವಿಸಿರಿ’ ಎಂದು ಅಚ್ಚು ಹಾಕಿದೆನಲ್ಲ, ನನ್ನ ಬುದ್ಧಿಗೆ ಏನೆನ್ನಬೇಕು!

ಸೀತಕ್ಕನ ವಿಡಿಯೋವನ್ನು ಇದ್ದ ಹಾಗೇ ಹಾಕಿದೆವು, ಉಪ್ಪು ಜಾಸ್ತಿಯ ಸಮೇತ. ಮರುದಿನ ಮಧ್ಯಾಹ್ನದ ಹೊತ್ತಿಗೆ ಮಮತಾಳ ಮೊಬೈಲು ಒಲೆಯ ಮೇಲಿಟ್ಟ ಪಾತ್ರೆಯ ಮುಚ್ಚಳದ ಹಾಗೆ ಕುಣಿಯತೊಡಗಿತು. ‘ನಮ್ಮಜ್ಜಿ ಹಿಂಗೇ ಮಾತಾಡ್ತಿದ್ರು, ನಂಗೆರಡು ಬಾಟ್ಲಿ’ ಎಂದು ಒಬ್ಬರು. ‘ಖಾರ ಮುಂದಾಗಿದ್ದೇ ಬೇಕು’ ಎಂದು ಇನ್ನೊಬ್ಬರು. ವಾರ ಕಳೆಯುವುದರೊಳಗೆ ಸೀತಕ್ಕನ ಫೋನು ಬಂತು, ದನಿಯಲ್ಲಿ ಗಾಬರಿ. “ಎಂತ ಮಾಡಿದ್ರಿ ಮಾರಾಯ್ತಿ? ಭರಣಿ ತಳ ಕಂಡಿದೆ! ಈಗ ನಮ್ಮನೆಯೋರಿಗೆ ಗಂಜಿ ಜೊತೆ ಎಂತ ಹಾಕ್ಲಿ ನಾನು?” ಹೊಸನಗರ ತಾಲ್ಲೂಕು ಹೀಗೆ ನಮ್ಮದಾಯಿತು.

ಆ ವಿಡಿಯೋ ನೋಡಿ ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಿಂದ ಹೋಟೆಲಿನ ರಾಘಣ್ಣ ತಾವಾಗಿಯೇ ಫೋನ್ ಮಾಡಿದರು. “ಎಂತ ಸಾವು ಮಾರಾಯ್ರೆ, ನಂಗೂ ಹೊಗಳ್ಕೊಳ್ಳಕ್ಕೆ ಬರಲ್ಲ. ಹೊಗಳದೇ ಇದ್ರೂ ನಡೆಯುತ್ತಾ?” ಎಂದು ಕೇಳಿದರು. ಹೊಗಳದಿದ್ದರೇ ನಡೆಯುವುದು ಎಂದೆವು. ಹೊಗೆಯಾಡುವ ಕಡುಬಿನ ಪಾತ್ರೆಯ ಪಕ್ಕ ನಿಂತು ಅವರು ಹೇಳಿದ್ದಿಷ್ಟು: “ಕಡುಬು ಬಿಸಿ ಇರೋತನಕ ಪರವಾಗಿಲ್ಲ. ಆರಿದ್ಮೇಲೆ ನನ್ನ ಕೇಳ್ಬೇಡಿ. ಚಟ್ನಿ ಮಾತ್ರ ಭಾರಿ ಚೆನ್ನಾಗಿದೆ, ಯಾಕಂದ್ರೆ ಅದನ್ನ ಮಾಡಿದ ನನ್ನ ಹೆಂಡ್ತಿ ಇಲ್ಲೇ ನಿಂತಿದಾಳೆ.” ಆಮೇಲೆ ಅವರ ಹೋಟೆಲಿನಲ್ಲಿ ಕಡುಬು ಆರುವ ತನಕ ಉಳಿದದ್ದೇ ಇಲ್ಲವಂತೆ.

ಉಳಿದದ್ದು ಸಾಗರ. ನಮ್ಮದೇ ಊರು, ನಮ್ಮದೇ ಬೀದಿ, ಗೌರಿ ಹಬ್ಬಕ್ಕೆ ಒಂದೇ ವಾರ. ವಸಂತಿಯ ಪಾಡು ಊರಿಗೆಲ್ಲ ಗೊತ್ತಿದ್ದರಿಂದ ನಮ್ಮ ಬೋರ್ಡು ಕಂಡರೆ ಜನ ರಸ್ತೆ ದಾಟಿ ಆಚೆ ಬದಿಯಲ್ಲಿ ಹೋಗುತ್ತಿದ್ದರು.

“ಅತ್ತೆ, ಇನ್ನೊಂದೇ ದಾರಿ. ನಮ್ಮ ಏಜೆನ್ಸಿದೇ ಒಂದು ವಿಡಿಯೋ ಹಾಕ್ಬೇಕು. ನೀವು ಮಾತಾಡ್ಬೇಕು” ಎಂದಳು ಮಮತಾ.

“ನಾನಾ? ನನ್ನ ಕೈ ಬೇಕಾದ್ರೆ ತೋರ್ಸು.”

“ಸರಿ, ಕೈಯನ್ನೇ ತೋರಿಸ್ತೀನಿ. ನೀವು ನನ್ನ ಕಡೆ ನೋಡ್ಲೇಬೇಡಿ. ಮೊಳೆ ಜೋಡಿಸ್ತಾ ಇರಿ, ಬಾಯಿಗೆ ಬಂದದ್ದು ಹೇಳಿ.”

ಹಿಂದಿನ ಕೋಣೆಯಲ್ಲಿ ಕುಳಿತೆ. ಬೆರಳುಗಳು ಪೆಟ್ಟಿಗೆಯ ಮನೆಮನೆಗೂ ತಾವಾಗಿಯೇ ಹೋಗಿ ಅಕ್ಷರ ಆರಿಸಿಕೊಂಡು ಬರತೊಡಗಿದವು. ಮೊಳೆಗಳಿಗೆ ಹೇಳುವ ಹಾಗೆ ಹೇಳಿದೆ. “ನಮಗೆ ಈ ಕೆಲಸ ಅಷ್ಟೇನೂ ಗೊತ್ತಿಲ್ಲ. ಮೊದಲನೇ ಜಾಹೀರಾತೇ ಕೆಟ್ಟೋಯ್ತು, ವಸಂತಿ ಹತ್ರ ಬೈಸ್ಕೊಂಡ್ವಿ. ಆಮೇಲೆ ಎರಡು ಮಾಡಿದ್ವಿ, ಏನೋ ಪರವಾಗಿಲ್ಲ. ನಮ್ಮನೆಯೋರು ನಡೆಸಿದ ಮಳಿಗೆ ಇದು, ಮುಚ್ಚೋಕೆ ಮನಸ್ಸಿಲ್ಲ. ನಿಮಗೆ ಮನಸ್ಸಿದ್ರೆ ಬನ್ನಿ, ಬೇರೆ ಕಡೆ ಚೆನ್ನಾಗಿ ಮಾಡಿಕೊಟ್ರೆ ಅಲ್ಲಿಗೇ ಹೋಗಿ.” ಮುಗಿಯಿತೆಂದುಕೊಂಡು, “ಆಯ್ತಾ ಮಮತಾ?” ಎಂದು ತಲೆಯೆತ್ತಿದೆ. ಕಳ್ಳಿ, ತಲೆಯೆತ್ತಿದ್ದನ್ನೂ ಕತ್ತರಿಸದೆ ಹಾಗೇ ಹಾಕಿಬಿಟ್ಟಿದ್ದಳು! ಬೈತಲೆ, ಕಿವಿ, ಓಲೆ, ಕನ್ನಡಕ, ಮುಂದಿನ ಉಬ್ಬುಹಲ್ಲು ಎಲ್ಲ ಒಟ್ಟಿಗೆ, ಜೀವನದಲ್ಲಿ ಮೊದಲ ಸಲ ನಾನು ಇಡಿಯಾಗಿ ಮೂರು ತಾಲ್ಲೂಕಿಗೂ ಕಾಣಿಸಿದೆ. ಎರಡು ದಿನ ಮನೆಯಿಂದ ಹೊರಗೆ ಬರಲಿಲ್ಲ.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಮಳಿಗೆಯ ಬಾಗಿಲಿಗೆ ಮೊದಲು ಬಂದವಳು ಯಾರು ಗೊತ್ತೇ? ವಸಂತಿ. “ಅಕ್ಕಾ, ನನ್ನ ಹೆಸರು ಹೇಳಿ ನಿಮ್ಮದನ್ನ ಓಡಿಸ್ಕೊಂಡ್ರಲ್ಲ, ಈಗ ನಂದೂ ಹಂಗೇ ಮಾಡ್ಕೊಡಿ. ಹೊಲಿಗೆ ಎರಡು ದಿನ ತಡ ಆಗುತ್ತೆ ಅಂತ ಸೇರಿಸಿ. ಅದನ್ನ ಕೇಳಿ ಯಾರೂ ನಗಲ್ಲ, ಎಲ್ರಿಗೂ ಗೊತ್ತಿರೋದೇ” ಎಂದಳು. ಅವಳ ಹಿಂದೆ ಕೊಡೆ ರಿಪೇರಿಯವರು, ಅವರ ಹಿಂದೆ ಮರಗೆಲಸದವರು. ನಿಮ್ಮಮ್ಮ ಕುರ್ಚಿ ಸಾಲದೆ ಪಕ್ಕದ ಅಂಗಡಿಯಿಂದ ತಂದಳು. ಈಗಂತೂ ಹೊಸ ತಲೆನೋವು ಶುರುವಾಗಿದೆ. “ಅವ್ರು ಅಷ್ಟೇನೂ ಚೆನ್ನಾಗಿಲ್ಲ ಅಂದಿದಾರಲ್ಲ, ನಂದು ಅದಕ್ಕಿಂತ ಒಂದು ಕೈ ಕಮ್ಮಿ ಅಂತ ಹಾಕಿ” ಎಂದು ಗಿರಾಕಿಗಳು ಪೈಪೋಟಿಗೆ ಬೀಳುತ್ತಾರೆ.

ಹಬ್ಬದ ದಿನ ಮಂಜಪ್ಪನವರು ಬಂದರು. ಬಾಗಿಲಲ್ಲಿ ನಿಂತು ಬೆರಳು ಮಡಚಿದರು: ಹೊಸನಗರ, ತೀರ್ಥಹಳ್ಳಿ, ಸಾಗರ. ಆಮೇಲೆ ಒಳಗಿದ್ದ ಜನರನ್ನು ನೋಡಿದರು, ಬೋರ್ಡು ನೋಡಿದರು, ಪರದೆಯಿಲ್ಲದೆ ಎದುರಿಗೇ ನಿಂತಿದ್ದ ನನ್ನನ್ನು ನೋಡಿದರು.

“ಪರವಾಗಿಲ್ಲಮ್ಮ” ಎಂದರು.

ಅಷ್ಟು ದೊಡ್ಡ ಮಾತನ್ನು ನಾನು ಕೇಳಿದ್ದು ಜನ್ಮದಲ್ಲಿ ಅದು ಎರಡನೆಯ ಸಲ. ಮೊನ್ನೆ ವರದಹಳ್ಳಿಯ ದೇವಸ್ಥಾನಕ್ಕೆ ಹೋದಾಗ ಯಾರೋ ಹೆಂಗಸರು, “ನೀವು ಮೊಳೆ ಜೋಡಿಸೋ ಅಮ್ಮ ಅಲ್ವಾ?” ಎಂದು ಜೊತೆಗೆ ನಿಂತು ಫೋಟೋ ಕೇಳಿದರು. ಕಂಬದ ಹಿಂದೆ ಸರಿಯಲು ಹೋದೆ ನಿಜ, ಆದರೆ ಅರ್ಧ ಮಾತ್ರ ಸರಿದೆ.

ಇಷ್ಟು ಬರೆದ ಮೇಲೆ ಮೊದಲಿನಿಂದ ಓದಿ ನೋಡಿದರೆ ಪುಟ ಪುಟದಲ್ಲೂ ನನ್ನದೇ ಹೊಗಳಿಕೆ! ಸೀತಕ್ಕ ಓದಿದರೆ ಏನಂದುಕೊಂಡಾರು? ಆದ್ದರಿಂದ ಈಗ ನಮ್ಮ ಕಡೆಯವರ ಹಾಗೆ ಸರಿಯಾಗಿ ಹೇಳುತ್ತೇನೆ. ಏನೋ ನಾಲ್ಕು ಸಾಲು ಗೀಚಿದ್ದೇನೆ. ಅಕ್ಷರ ಅಷ್ಟೇನೂ ದುಂಡಗಿಲ್ಲ, ಎರಡು ಕಡೆ ಕಾಫಿಯ ಕಲೆಯೂ ಆಗಿದೆ. ಕಪಾಟಿನಲ್ಲಿ ಆಲ್ಬಮ್ಮಿನ ಪಕ್ಕ ಜಾಗವಿದ್ದರೆ ಈ ಹಾಳೆಗಳನ್ನು ಇಟ್ಟುಕೊಳ್ಳಿ, ಇಲ್ಲದಿದ್ದರೆ ಬೇಡ. ನೀವು ಈ ಸೀಮೆಯಲ್ಲೇ ಹುಟ್ಟಿದ ಮಕ್ಕಳು. ಅಜ್ಜಿ ಹೀಗೆಂದರೆ ಎಷ್ಟು ಜೋಪಾನವಾಗಿ ಇಟ್ಟುಕೊಳ್ಳಬೇಕೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.